ಸಿಲ್ವರ್ ಕಾರಿಗೆ ಪಾಲಿಶ್, ಸೀಲೆಂಟ್, ವ್ಯಾಕ್ಸ್: ವರ್ಷಗಟ್ಟಲೆ ಬಳಸಿದ ಮೇಲೆ ನನ್ನ ಅಭಿಪ್ರಾಯ

ಸಿಲ್ವರ್ ಬಣ್ಣದ ಕಾರಿಗೆ ಪಾಲಿಶ್, ವ್ಯಾಕ್ಸ್ ಎಲ್ಲ ದಂಡ, ಏನು ಮಾಡಿದರೂ ಕಪ್ಪು ಕಾರಿನಷ್ಟು ಹೊಳೆಯುವುದಿಲ್ಲ ಅಂತ ತುಂಬಾ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಸಿಲ್ವರ್ ಹೊಳೆಯುವ ರೀತಿಯೇ ಬೇರೆ, ಅದಕ್ಕೆ ಮಾಡಬೇಕಾದ ಕೆಲಸವೂ ಸ್ವಲ್ಪ ಬೇರೆ. ನಮ್ಮದು ಮಾರುತಿ ಸ್ವಿಫ್ಟ್, ಸಿಲ್ಕಿ ಸಿಲ್ವರ್. ಬೆಂಗಳೂರಿನಲ್ಲಿ ಮಾವಿನ ಮರದ ಕೆಳಗೆ ಬಯಲಲ್ಲೇ ನಿಲ್ಲುತ್ತದೆ, ತೊಳೆಯಲು ಬೋರ್‌ವೆಲ್ ನೀರು, ಅಕ್ಕಪಕ್ಕದಲ್ಲಿ ಸದಾ ಯಾವುದೋ ಮನೆ ಕಟ್ಟುವ ಕೆಲಸ, ಸಿಮೆಂಟ್ ಧೂಳು. ಇಷ್ಟೆಲ್ಲ ಇದ್ದರೂ ಬಿಸಿಲಿಗೆ ಬಂದರೆ ಬಾನೆಟ್ ಇವತ್ತಿಗೂ ಮಿನುಗುತ್ತದೆ. ಈಗ ನನ್ನ ಡಿಕ್ಕಿಯಲ್ಲಿ ಉಳಿದಿರುವುದು ಮೂರೇ ಬಾಟಲಿ: ಮೆಗ್ವಾಯರ್ಸ್ ಅಲ್ಟಿಮೇಟ್ ಪಾಲಿಶ್, ಅದೇ ಕಂಪನಿಯ ಅಲ್ಟಿಮೇಟ್ ಲಿಕ್ವಿಡ್ ವ್ಯಾಕ್ಸ್, ಮತ್ತೆ ಕಾಲಿನೈಟ್ 845 ಅನ್ನುವ ವ್ಯಾಕ್ಸ್.

ಮೊದಲು ಬಣ್ಣದ ವಿಷಯ. ಮೆಟಾಲಿಕ್ ಸಿಲ್ವರ್‌ನ ಬೇಸ್ ಕೋಟ್‌ನಲ್ಲಿ, ಅಂದರೆ ಬಣ್ಣದ ಪದರದಲ್ಲಿ, ಅಲ್ಯೂಮಿನಿಯಂನ ಸಣ್ಣ ಸಣ್ಣ ಚಪ್ಪಟೆ ಚೂರುಗಳಿರುತ್ತವೆ. ಅದರ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ಬೆಳಕು ಈ ಕ್ಲಿಯರ್ ಕೋಟ್ ದಾಟಿ ಒಳಗೆ ಹೋಗಿ, ಚೂರುಗಳಿಗೆ ಬಡಿದು, ಮತ್ತೆ ಅದೇ ಪದರ ದಾಟಿ ನಮ್ಮ ಕಣ್ಣಿಗೆ ಬರಬೇಕು. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ. ಹಾಗಾಗಿ ಮೇಲಿನ ಪದರದಲ್ಲಿ ಗೆರೆ, ಜಿಡ್ಡು, ಸುಣ್ಣದ ಕಲೆ ಇದ್ದರೆ ಎರಡು ಸಲವೂ ಬೆಳಕು ಚದುರುತ್ತದೆ. ದೇವರ ಫೋಟೋದ ಗಾಜಿನ ಮೇಲೆ ಊದುಬತ್ತಿ ಹೊಗೆ ಕೂತ ಹಾಗೆ, ಒಳಗಿನ ಚಿತ್ರ ಚೆನ್ನಾಗಿಯೇ ಇರುತ್ತದೆ, ನಮಗೆ ಮಂಕಾಗಿ ಕಾಣುತ್ತದೆ. ಕಪ್ಪು ಕಾರಿನ ಅಂದ ಅದರ ಮೈಮೇಲೆ ಬೀಳುವ ಪ್ರತಿಬಿಂಬದಲ್ಲಿದೆ. ಸಿಲ್ವರ್‌ನ ಅಂದ ಒಳಗಿನ ಚೂರುಗಳ ಮಿನುಗಿನಲ್ಲಿದೆ. ಇದಕ್ಕೇ ನಾನು ಹೇಳುವುದು, ಸಿಲ್ವರ್ ಕಾರಿನವರು ದುಬಾರಿ ವ್ಯಾಕ್ಸ್‌ಗೆ ಹಾಕುವ ದುಡ್ಡು ಮತ್ತು ಸಮಯವನ್ನು ಮೇಲ್ಮೈ ಶುದ್ಧ ಮಾಡುವುದಕ್ಕೆ ಹಾಕಬೇಕು ಅಂತ.

ತೊಳೆದು ಒರೆಸಿದ ಮೇಲೆ ತೆಳ್ಳನೆ ಪ್ಲಾಸ್ಟಿಕ್ ಕವರ್ ಕೈಗೆ ಹಾಕಿಕೊಂಡು ಬಾನೆಟ್ ಮೇಲೆ ಮೆಲ್ಲಗೆ ಸವರಿ ನೋಡಿ. ಬರಿಗೈಗೆ ನುಣುಪು ಅನ್ನಿಸಿದ್ದು ಕವರ್ ಒಳಗಿಂದ ಮರಳು ಮರಳಾಗಿ ಸಿಗುತ್ತದೆ. ಬ್ರೇಕ್‌ನಿಂದ ಹಾರುವ ಕಬ್ಬಿಣದ ಪುಡಿ, ಮರದ ಅಂಟು, ಪಕ್ಕದ ಗ್ರಿಲ್‌ಗೆ ಪೇಂಟ್ ಹೊಡೆದಾಗ ಗಾಳಿಯಲ್ಲಿ ಬಂದ ಹನಿಗಳು, ಎಲ್ಲ ಅಲ್ಲಿ ಕಚ್ಚಿಕೊಂಡಿರುತ್ತವೆ. ಶಾಂಪೂಗೆ ಇದು ಜಗ್ಗುವುದಿಲ್ಲ, ಕ್ಲೇ ಬಾರ್ ಬೇಕು, ಅಂದರೆ ಇಂಥ ಕೊಳೆಯನ್ನು ಎಳೆದುಕೊಳ್ಳುವ ಮೆತ್ತನೆಯ ಜೇಡಿಯಂಥ ಉಂಡೆ. ಶಾಂಪೂ ನೀರನ್ನು ಧಾರಾಳವಾಗಿ ಸಿಂಪಡಿಸಿಕೊಂಡು, ಒತ್ತದೆ, ಹಿಂದೆ ಮುಂದೆ ಜಾರಿಸಿದರೆ ಸಾಕು. ಕ್ಲೇ ನೆಲಕ್ಕೆ ಬಿತ್ತೋ, ಎಸೆದುಬಿಡಿ. ಅದಕ್ಕೆ ಅಂಟಿದ ಒಂದು ಮರಳಿನ ಕಣ ಸಾಕು, ಬಾನೆಟ್ ತುಂಬಾ ಗೆರೆ ಎಳೆಯಲು. ವರ್ಷಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು ಸಲ ಇದನ್ನು ಮಾಡಿದರೆ ಆಯಿತು.

ಆಮೇಲೆ ಪಾಲಿಶ್. ಪಾಲಿಶ್ ಬೇರೆ, ವ್ಯಾಕ್ಸ್ ಬೇರೆ. ಪಾಲಿಶ್ ಕ್ಲಿಯರ್ ಕೋಟನ್ನು ತೀರಾ ಸ್ವಲ್ಪ ತೆಗೆದು ಗೆರೆಗಳನ್ನು ತಗ್ಗಿಸುತ್ತದೆ, ರಕ್ಷಣೆ ಏನೂ ಕೊಡುವುದಿಲ್ಲ. ಸೀಲೆಂಟ್ (ಸಿಂಥೆಟಿಕ್ ಪದರ), ವ್ಯಾಕ್ಸ್ (ಮೇಣ) ಏನನ್ನೂ ತೆಗೆಯುವುದಿಲ್ಲ, ರಕ್ಷಣೆಗೆ ಮೇಲೆ ಕೂರುತ್ತವೆ. ಸಿಲ್ವರ್‌ನಲ್ಲಿ ತೊಂದರೆ ಏನೆಂದರೆ ಗೆರೆಗಳು ಸುಲಭಕ್ಕೆ ಕಾಣುವುದಿಲ್ಲ, ಹಾಗಾಗಿ ಇಲ್ಲವೇ ಇಲ್ಲ ಅಂದುಕೊಳ್ಳುತ್ತೇವೆ. ರಾತ್ರಿ ಮೊಬೈಲ್ ಟಾರ್ಚ್ ಹಿಡಿದು ಓರೆಯಾಗಿ ನೋಡಿ, ಬೆಳಕಿನ ಬಿಂಬದ ಸುತ್ತ ಗೆರೆಗಳ ಬಲೆಯೇ ಕಾಣುತ್ತದೆ. ಒಣಬಟ್ಟೆಯಲ್ಲಿ ದಿನಾ ಬೆಳಿಗ್ಗೆ ಧೂಳು ಒರೆಸುವ ಅಭ್ಯಾಸದ ಫಲ ಅದು.

ಮೆಗ್ವಾಯರ್ಸ್ ಅಲ್ಟಿಮೇಟ್ ಪಾಲಿಶ್ ತುಂಬಾ ನಯವಾದದ್ದು. ಉಗುರಿಗೆ ಸಿಗುವ ಗೀರು ಇದರಿಂದ ಹೋಗುತ್ತದೆ ಅಂತ ಕಾಯಬೇಡಿ. ಆದರೆ ಆ ಮಂಜು ಮಂಜಾದ ಪೊರೆ ಹೋಗುವುದು ಇದರಿಂದಲೇ. ಕೈಯಲ್ಲೂ ಹಚ್ಚಬಹುದು. ನಾನು ಡ್ಯುಯಲ್ ಆ್ಯಕ್ಷನ್ ಮಷೀನಿಗೆ (ಪ್ಯಾಡ್ ತಿರುಗುತ್ತಾ ಅತ್ತಿತ್ತ ಅಲುಗುವ ಪಾಲಿಶ್ ಮಷೀನ್) ಮೆತ್ತನೆಯ ಫೋಮ್ ಪ್ಯಾಡ್ ಹಾಕಿಕೊಂಡು ಮಾಡುತ್ತೇನೆ, ತೋಳು ಉಳಿಯುತ್ತದೆ, ಎಲ್ಲ ಕಡೆ ಒಂದೇ ಸಮ ಬರುತ್ತದೆ. ಬಾಗಿಲಿನ ಅಂಚು, ಬಾನೆಟ್‌ನ ಏಣು, ಇವುಗಳ ಮೇಲೆ ಮಾಸ್ಕಿಂಗ್ ಟೇಪ್ ಹಾಕಿ, ಅಲ್ಲಿ ಬಣ್ಣ ತೆಳು ಇರುತ್ತದೆ. ಕ್ಲಿಯರ್ ಕೋಟ್ ಒಟ್ಟು ದಪ್ಪವೇ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್, ಒಂದು ತಲೆಗೂದಲಿಗಿಂತ ಕಡಿಮೆ. ಬಿಸಿಲಿನ ನೇರಳಾತೀತ ಕಿರಣ ತಡೆಯುವ ಅಂಶ ಇರುವುದೂ ಅದರಲ್ಲೇ. ಆದ್ದರಿಂದ ಸರ್ವಿಸ್‌ಗೆ ಬಿಟ್ಟಾಗಲೆಲ್ಲ ‘ರಬ್ಬಿಂಗ್ ಮಾಡಿಬಿಡೋಣ ಸರ್’ ಅಂದರೆ ಬೇಡ ಅನ್ನಿ. ಒಂದು ಅಂಗಡಿಯಲ್ಲಿ ನಮ್ಮ ಕಾರಿಗೆ ಕೇಳದೆಯೇ ಕಾಂಪೌಂಡ್ (ಪಾಲಿಶ್‌ಗಿಂತ ಒರಟಾದ ಪೇಸ್ಟ್) ಹಾಕಿ, ಒಂದೇ ಕಡೆ ಗಿರಗಿರ ತಿರುಗುವ ರೋಟರಿ ಮಷೀನ್ ಹೊಡೆದಿದ್ದರು. ಮನೆಗೆ ತಂದಾಗ ಫಳಫಳ ಅನ್ನುತ್ತಿತ್ತು. ಮಳೆಗೆ ಅದರ ಎಣ್ಣೆ ತೊಳೆದುಹೋದ ಮೇಲೆ ಬಿಸಿಲಿನಲ್ಲಿ ಮಷೀನ್ ಓಡಾಡಿದ ಜಾಡೆಲ್ಲ ಕಂಡಿತು.

ಪಾಲಿಶ್ ಆದ ಮೇಲೆ ಅದರ ಎಣ್ಣೆ ತೆಗೆಯಬೇಕು. ಐಸೋಪ್ರೊಪೈಲ್ ಆಲ್ಕೊಹಾಲನ್ನು ಸುಮಾರು 10-15 ಶೇಕಡಾ ಬರುವ ಹಾಗೆ ನೀರಿಗೆ ಬೆರೆಸಿ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿದರೆ ಸಾಕು. ಎಣ್ಣೆ ಉಳಿದರೆ ಸೀಲೆಂಟ್ ಸರಿಯಾಗಿ ಹಿಡಿಯುವುದಿಲ್ಲ.

ಈಗ ಸೀಲೆಂಟ್. ಅಲ್ಟಿಮೇಟ್ ಲಿಕ್ವಿಡ್ ವ್ಯಾಕ್ಸ್ ಅಂತ ಬಾಟಲಿ ಮೇಲೆ ಬರೆದಿದ್ದರೂ ಅದು ಪೂರ್ತಿ ಸಿಂಥೆಟಿಕ್ ಪಾಲಿಮರ್, ಕೆಲಸದಲ್ಲಿ ಸೀಲೆಂಟೇ. ಸಿಲ್ವರ್‌ಗೆ ನನಗೆ ಅತಿ ಹೆಚ್ಚು ಇಷ್ಟವಾದದ್ದು ಇದು. ತೆಳ್ಳಗೆ ಹರಡುತ್ತದೆ, ಒರೆಸಲು ಕಷ್ಟವಿಲ್ಲ, ಕಪ್ಪು ಪ್ಲಾಸ್ಟಿಕ್‌ಗೆ ತಾಗಿದರೂ ಬಿಳಿ ಕಲೆ ಬರುವುದಿಲ್ಲ. ನಾನೊಮ್ಮೆ ಬಾನೆಟ್ ಮಧ್ಯಕ್ಕೆ ಟೇಪ್ ಹಾಕಿ, ಒಂದು ಕಡೆ ಇದನ್ನು ಮಾತ್ರ, ಇನ್ನೊಂದು ಕಡೆ ಇದರ ಮೇಲೆ ಒಳ್ಳೆಯ ಕಾರ್ನೌಬಾ ಪೇಸ್ಟ್ ವ್ಯಾಕ್ಸ್ ಹಚ್ಚಿ ನೋಡಿದ್ದೆ. ಬೆಳಿಗ್ಗೆ ನೆರಳಲ್ಲಿ ಎರಡೂ ಒಂದೇ. ಮಧ್ಯಾಹ್ನದ ಬಿಸಿಲಿಗೆ ತಂದಾಗ ಸೀಲೆಂಟ್ ಕಡೆ ಚೂರುಗಳು ಚುರುಕಾಗಿ, ಒಂದೊಂದೂ ಬೇರೆ ಬೇರೆಯಾಗಿ ಮಿನುಗಿದವು. ವ್ಯಾಕ್ಸ್ ಕಡೆ ಮಿನುಗು ಸ್ವಲ್ಪ ಮೆತ್ತಗಾಗಿತ್ತು. ಮನೆಯವರನ್ನೂ ಕರೆದು ಯಾವ ಕಡೆ ಏನು ಅಂತ ಹೇಳದೆ ತೋರಿಸಿದೆ, ಅವರೂ ಸೀಲೆಂಟ್ ಕಡೆಯನ್ನೇ ಆರಿಸಿದರು. ಕಾರ್ನೌಬಾ ಅನ್ನುವುದು ಬ್ರೆಜಿಲ್‌ನ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರುವ ಗಟ್ಟಿ ಮೇಣ. ಕೆಂಪು, ಕಪ್ಪು, ಕಡುನೀಲಿ ಕಾರಿಗೆ ಅದು ಕೊಡುವ ಆಳವಾದ ಬಣ್ಣ ಬಹಳ ಚಂದ. ಸಿಲ್ವರ್‌ನಲ್ಲಿ ಆಳವಾಗಿಸಲು ಬಣ್ಣವೇ ಇಲ್ಲವಲ್ಲ.

ಹಾಗಾದರೆ ಕಾಲಿನೈಟ್ 845 ಯಾಕೆ ಇಟ್ಟುಕೊಂಡಿದ್ದೀರಿ ಅಂತ ಕೇಳಬಹುದು. ಮಳೆಗಾಲಕ್ಕೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಯೂಟಿಕಾ ಊರಿನ ಕಂಪನಿ ಅದು, 1936ರಿಂದ ಇದೆ. ಇದರಲ್ಲಿ ಕಾರ್ನೌಬಾ ಜೊತೆ ಪಾಲಿಮರ್ ಕೂಡ ಇದೆ, ಹಾಗಾಗಿ ಬರೀ ಮೇಣದ ಹಾಗೆ ಕೆಲವೇ ವಾರಕ್ಕೆ ಹೋಗುವುದಿಲ್ಲ. ಮೇ ಕೊನೆಯಲ್ಲಿ ಹಚ್ಚಿದರೆ ದಸರಾ ಹೊತ್ತಿಗೂ ನೀರು ಗುಂಡು ಗುಂಡಾಗಿ ಉರುಳುತ್ತಿರುತ್ತದೆ. ಲಿಕ್ವಿಡ್ ವ್ಯಾಕ್ಸ್ ನಮ್ಮ ಬಯಲು ಪಾರ್ಕಿಂಗ್‌ನಲ್ಲಿ ಅಷ್ಟು ದಿನ ಬಾಳುವುದಿಲ್ಲ, ಅದನ್ನು ಎರಡು ಮೂರು ತಿಂಗಳಿಗೆ ಮತ್ತೆ ಹಚ್ಚುತ್ತೇನೆ. 845 ಹಚ್ಚುವಾಗ ಎರಡು ಮಾತು ನೆನಪಿರಲಿ. ಬಾಟಲಿ ಚೆನ್ನಾಗಿ ಕುಲುಕಿ, ಚಳಿಗಾಲದ ಬೆಳಿಗ್ಗೆ ಗಟ್ಟಿಯಾಗಿದ್ದರೆ ಬಿಸಿನೀರಿನಲ್ಲಿ ಇಡಿ. ಮತ್ತೆ, ಹಚ್ಚಿದ್ದೇ ಕಾಣಬಾರದು ಅನ್ನುವಷ್ಟು ತೆಳ್ಳಗೆ ಹಚ್ಚಿ. ದಪ್ಪಗೆ ಹಚ್ಚಿದರೆ ಹೆಚ್ಚು ದಿನವೇನೂ ಬರುವುದಿಲ್ಲ, ಒರೆಸುವುದು ಮಾತ್ರ ಸಾಕಾಗಿಹೋಗುತ್ತದೆ. 473 ಮಿಲಿಯ ಬಾಟಲಿ ಒಂದು ಕಾರಿಗೆ ವರ್ಷಗಟ್ಟಲೆ ಬರುತ್ತದೆ, ಆ ಲೆಕ್ಕದಲ್ಲಿ ದುಬಾರಿ ಅಲ್ಲ. ಸೀಲೆಂಟ್ ಮೇಲೆ ಹಚ್ಚುವುದಾದರೆ ಒಂದು ರಾತ್ರಿ ಬಿಟ್ಟು ಹಚ್ಚಿ. ವ್ಯಾಕ್ಸ್ ಮೇಲೆ ಸೀಲೆಂಟ್ ಹಚ್ಚಿದರೆ ಮಾತ್ರ ಸುಮ್ನೆ ವ್ಯರ್ಥ, ಅದು ಬಣ್ಣಕ್ಕೆ ಅಂಟುವುದೇ ಇಲ್ಲ.

ಬೆಂಗಳೂರಿನವರಿಗೆ ಹೇಳಲೇಬೇಕಾದದ್ದು ನೀರಿನ ವಿಷಯ. ಬೋರ್‌ವೆಲ್ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಬಿಸಿಲಲ್ಲಿ ತೊಳೆದು ಹಾಗೇ ಒಣಗಲು ಬಿಟ್ಟರೆ ಹನಿ ಕೂತಲ್ಲೆಲ್ಲ ಬಿಳಿ ಉಂಗುರ. ಸಿಲ್ವರ್ ಮೇಲೆ ಅದು ಎದ್ದು ಕಾಣುವುದಿಲ್ಲ, ಆದರೆ ಮಿನುಗನ್ನು ಕೊಲ್ಲುವುದು ಅದೇ. ವ್ಯಾಕ್ಸ್ ಹಾಕಿದ ಕಾರಿನಲ್ಲಿ ನೀರು ಗುಂಡಾಗಿ ನಿಲ್ಲುವುದರಿಂದ ಒರೆಸದಿದ್ದರೆ ಕಲೆ ಇನ್ನೂ ಗಟ್ಟಿ. ಬೆಳಿಗ್ಗೆ ಬೇಗ ತೊಳೆದು, ದೊಡ್ಡ ಮೈಕ್ರೋಫೈಬರ್ ಟವೆಲ್‌ನಲ್ಲಿ ತಕ್ಷಣ ನೀರು ತೆಗೆಯಿರಿ. ಆಗಲೇ ಕಲೆ ಕೂತಿದ್ದರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಸೇರಿಸಿ ಒರೆಸಿ, ಚೆನ್ನಾಗಿ ತೊಳೆದು, ಆ ಜಾಗಕ್ಕೆ ಮತ್ತೆ ಸೀಲೆಂಟ್ ಹಚ್ಚಿ. ವಿನೆಗರ್ ಹಳೆಯ ಪದರವನ್ನೂ ದುರ್ಬಲ ಮಾಡುತ್ತದೆ.

ಮಾವಿನ ಮರ ಹೂ ಬಿಡುವ ಕಾಲದಲ್ಲಿ ಜಿಗಿಹುಳು ಉದುರಿಸುವ ಸಿಹಿ ಅಂಟು, ಹಕ್ಕಿ ಹಿಕ್ಕೆ, ಇವೆರಡನ್ನು ಭಾನುವಾರದವರೆಗೆ ಕಾಯಿಸಬೇಡಿ. ಒದ್ದೆ ಬಟ್ಟೆ ಐದು ನಿಮಿಷ ಮೇಲೆ ಹಾಕಿಟ್ಟು, ನೆನೆದ ಮೇಲೆ ಎತ್ತಿ. ಉಜ್ಜಬೇಡಿ. ಕಾರು ತೊಳೆಯುವ ಅಣ್ಣನಿಗೆ ನಾನು ಎರಡು ಬಕೆಟ್, ಶಾಂಪೂ, ವಾಶ್ ಮಿಟ್ (ಕಾರು ತೊಳೆಯುವ ಮೆತ್ತನೆಯ ಕೈಚೀಲ) ಕೊಟ್ಟು, ವಾರಕ್ಕೆ ಒಂದೇ ಸಲ ತೊಳೆದರೆ ಸಾಕು, ದುಡ್ಡು ಅಷ್ಟೇ ಕೊಡುತ್ತೇನೆ ಅಂದೆ. ಅವರಿಗೂ ಖುಷಿ, ಹೊಸ ಗೆರೆಗಳೂ ನಿಂತವು. ನನ್ನ ಪ್ರಕಾರ ಈ ಒಂದು ಬದಲಾವಣೆ ಯಾವ ಬಾಟಲಿಗಿಂತಲೂ ಜಾಸ್ತಿ ಕೆಲಸ ಮಾಡಿದೆ.

ಇನ್ನೊಂದು, ಬಂಪರ್ ಅಥವಾ ಬಾಗಿಲು ತಾಗಿ ಮತ್ತೆ ಪೇಂಟ್ ಮಾಡಿಸುವವರಿಗೆ. ಸಿಲ್ವರ್ ಹೊಂದಿಸುವುದು ಬಹಳ ಕಷ್ಟ. ಪೇಂಟ್ ಸಿಂಪಡಿಸುವ ಗನ್‌ನ ಒತ್ತಡ, ಬಣ್ಣ ಎಷ್ಟು ಒದ್ದೆಯಾಗಿ ಬೀಳುತ್ತದೆ ಅನ್ನುವುದರ ಮೇಲೆ ಚೂರುಗಳು ಮಲಗುವ ಕೋನ ಬದಲಾಗುತ್ತದೆ. ಹಾಗಾಗಿ ಬಣ್ಣದ ಕೋಡ್ ಅದೇ ಇದ್ದರೂ ಓರೆಯಾಗಿ ನೋಡಿದಾಗ ಕಪ್ಪಗೋ ಬೆಳ್ಳಗೋ ಕಾಣಬಹುದು. ಪಕ್ಕದ ಪ್ಯಾನೆಲ್‌ಗೂ ಬ್ಲೆಂಡ್ ಮಾಡಿ, ಅಂದರೆ ಹೊಸ ಬಣ್ಣವನ್ನು ಅಲ್ಲಿಗೂ ನಿಧಾನಕ್ಕೆ ಬೆರೆಸಿ ಅಂತ ಮೊದಲೇ ಹೇಳಿ, ಗಾಡಿ ತೆಗೆದುಕೊಳ್ಳುವಾಗ ಶೆಡ್ ಒಳಗೆ ಟ್ಯೂಬ್‌ಲೈಟ್ ಬೆಳಕಲ್ಲಿ ನೋಡದೆ ಹೊರಗೆ ಬಿಸಿಲಿಗೆ ತರಿಸಿ ಸುತ್ತಲೂ ನಡೆದು ನೋಡಿ. ಹೊಸ ಬಣ್ಣ ಒಣಗಿ ಗಟ್ಟಿಯಾಗಲು ಕನಿಷ್ಠ 30 ದಿನ ಬಿಡಿ, ಅಲ್ಲಿಯವರೆಗೆ ಆ ಭಾಗಕ್ಕೆ ಸೀಲೆಂಟ್ ಆಗಲಿ ವ್ಯಾಕ್ಸ್ ಆಗಲಿ ಹಚ್ಚಬೇಡಿ, ಬರೀ ನೀರು, ಶಾಂಪೂ ಸಾಕು.