ಕಣ್ಣಿನ ಕ್ಯಾಪ್ಸೂಲ್: ಸ್ಟ್ರಿಪ್ಪಿನ ಹಿಂಭಾಗ ಓದಿ ಕೊಳ್ಳಿ

ಶಿವಮೊಗ್ಗದ ದುರ್ಗಿಗುಡಿ, ನೆಹರೂ ರಸ್ತೆಯ ಮೆಡಿಕಲ್ ಶಾಪ್‌ಗಳಲ್ಲಿ ‘ಕಣ್ಣಿನ ನರಕ್ಕೆ ಏನಾದ್ರೂ ಕೊಡಿ’ ಅಂದರೆ ಕೌಂಟರಿಗೆ ಬರುವುದು ಲ್ಯೂಟಿನ್ ಎಂಬ ಹಳದಿ ವರ್ಣದ್ರವ್ಯದ ಕ್ಯಾಪ್ಸೂಲ್. ಡಬ್ಬಿಯ ಮೇಲೆ ಒಂದು ಕಣ್ಣು, ಒಂದು ಚೆಂಡುಹೂವು. ಕೆಲವದರಲ್ಲಿ ‘ಏರೆಡ್ಸ್-2 ಆಧಾರಿತ’ ಎಂಬ ಸಾಲು. ಸಾಗರ, ಹೊಸನಗರ, ತೀರ್ಥಹಳ್ಳಿಯಿಂದ ಬಂದವರು ಮತ್ತೆ ಮತ್ತೆ ಬಸ್ ಹತ್ತುವುದೇಕೆ ಅಂತ ಮೂರು ತಿಂಗಳಿಗಾಗುವಷ್ಟು ಒಟ್ಟಿಗೇ ಕಟ್ಟಿಸಿಕೊಳ್ಳುತ್ತಾರೆ. ಇಲ್ಲಿ ವಿಮರ್ಶೆಗೆ ತೆಗೆದುಕೊಂಡದ್ದು ಒಂದು ಬ್ರ್ಯಾಂಡನ್ನಲ್ಲ, ಈ ಜಾತಿಯ ಸರಕನ್ನೇ. ತೀರ್ಪು ಮೊದಲೇ ಹೇಳಿಬಿಡಬಹುದು: ಸರಿಯಾದ ಹಂತದಲ್ಲಿರುವ ಕಣ್ಣಿಗೆ, ಸರಿಯಾದ ಪ್ರಮಾಣದಲ್ಲಿ ಸಿಕ್ಕರೆ ಐದಕ್ಕೆ ನಾಲ್ಕು ಅಂಕ. ಉಳಿದವರಿಗೆ ದುಬಾರಿ ವಿಟಮಿನ್ ಅಷ್ಟೇ. ಕೆಲವರಿಗೆ ಹಾನಿಯೂ ಉಂಟು.

ಏರೆಡ್ಸ್ ಅನ್ನುವುದು ಕಂಪನಿಯ ಹೆಸರಲ್ಲ. ಅಮೆರಿಕದ ನ್ಯಾಷನಲ್ ಐ ಇನ್‌ಸ್ಟಿಟ್ಯೂಟ್ ನಡೆಸಿದ ಅಧ್ಯಯನದ ಚುಟುಕು ಹೆಸರು ಅದು. ಮೊದಲನೆಯದರ ಫಲಿತಾಂಶ 2001ರಲ್ಲಿ ಬಂತು, ಎರಡನೆಯದು 2013ರಲ್ಲಿ. ಮೊದಲನೆಯದರಲ್ಲಿ, ವಯಸ್ಸಾದಂತೆ ಮ್ಯಾಕುಲಾ (ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾದ ನಡುಭಾಗ) ಸವೆಯುವ ಕಾಯಿಲೆ, ಅಂದರೆ ಎಎಂಡಿ, ಮಧ್ಯಮ ಹಂತಕ್ಕೆ ಬಂದವರಲ್ಲಿ ಮತ್ತು ಒಂದು ಕಣ್ಣಲ್ಲಿ ಆಗಲೇ ಕೊನೆಯ ಹಂತ ಮುಟ್ಟಿದವರಲ್ಲಿ, ಏನೂ ಇಲ್ಲದ ಮಾತ್ರೆ ನುಂಗಿದ ನೂರು ಜನರ ಪೈಕಿ 28 ಜನರಿಗೆ ಐದು ವರ್ಷದಲ್ಲಿ ಕಾಯಿಲೆ ಕೊನೆಯ ಹಂತಕ್ಕೆ ಹೋಯಿತು. ವಿಟಮಿನ್ನು, ಸತು ಎರಡೂ ಇದ್ದದ್ದನ್ನು ನುಂಗಿದವರಲ್ಲಿ 20 ಜನರಿಗೆ. ಜಾಹೀರಾತಿನಲ್ಲಿ ಬರುವ ‘ಶೇಕಡಾ 25’ ಹುಟ್ಟಿದ್ದು ಇಲ್ಲಿ. ನೂರಕ್ಕೆ ಎಂಟು ಜನ ಉಳಿದುಕೊಂಡದ್ದು ಸಣ್ಣ ಲಾಭವಲ್ಲ. ಆದರೆ ಯಾರಿಗೂ ಹೋದ ದೃಷ್ಟಿ ವಾಪಸು ಬರಲಿಲ್ಲ.

ಬರುವ ಹಾಗೂ ಇಲ್ಲ. ಬೆಳಕನ್ನು ಗ್ರಹಿಸುವ ರೆಟಿನಾದ ದಂಡಕೋಶ, ಶಂಕುಕೋಶಗಳು ನರಕೋಶಗಳೇ. ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಅವು ತಮ್ಮ ತುದಿಯ ಪೊರೆಗಳನ್ನು ದಿನಾಲೂ ಉದುರಿಸುತ್ತವೆ, ಕೆಳಗಿರುವ ವರ್ಣಕೋಶಗಳ ಪದರ ಅದನ್ನು ನುಂಗಿ ಜೀರ್ಣಿಸಬೇಕು. ವಯಸ್ಸಾದಂತೆ ಈ ಕೆಲಸ ಹಿಂದೆ ಬೀಳುತ್ತದೆ. ಹಂಡೆ ಒಲೆಯಲ್ಲಿ ತೆಗೆಯದೆ ಬಿಟ್ಟ ಬೂದಿಯ ಹಾಗೆ ಕೊಬ್ಬು, ಪ್ರೋಟೀನಿನ ಕಸ ಆ ಪದರದ ಅಡಿಯಲ್ಲಿ ಗುಡ್ಡೆ ಬೀಳುತ್ತದೆ. ಡ್ರೂಸನ್ ಅನ್ನುವುದು ಇದನ್ನೇ. ಕ್ಯಾಪ್ಸೂಲ್ ಡ್ರೂಸನ್ನನ್ನು ಕರಗಿಸುವುದಿಲ್ಲ. ಉಳಿದಿರುವ ಕೋಶಗಳು ಸಾಯುವ ವೇಗ ತಗ್ಗಿಸಬಹುದು, ಅಷ್ಟೇ. ಹಾಗಾಗಿ ‘ಒಂದು ತಿಂಗಳು ತಿಂದೆ, ಏನೂ ವ್ಯತ್ಯಾಸ ಗೊತ್ತಾಗಲಿಲ್ಲ’ ಎನ್ನುವ ದೂರಿನಿಂದ ಸರಕು ಕೆಟ್ಟದ್ದು ಅಂತ ಸಾಬೀತಾಗುವುದಿಲ್ಲ. ‘ಕಣ್ಣು ನಿಚ್ಚಳವಾಯ್ತು’ ಎನ್ನುವ ಹೊಗಳಿಕೆಯನ್ನೂ ನಂಬಬೇಕಿಲ್ಲ.

ಈಗ ಸ್ಟ್ರಿಪ್ ತಿರುಗಿಸಿ. ಏರೆಡ್ಸ್-2ರ ಒಂದು ದಿನದ ಪ್ರಮಾಣ ಹೀಗಿದೆ: ವಿಟಮಿನ್ ಸಿ 500 ಮಿಲಿಗ್ರಾಂ, ವಿಟಮಿನ್ ಇ 400 ಐಯು, ಲ್ಯೂಟಿನ್ 10 ಮಿಲಿಗ್ರಾಂ, ಅದರದೇ ಜಾತಿಯ ಜಿಯಾಕ್ಸಾಂಥಿನ್ 2 ಮಿಲಿಗ್ರಾಂ, ಸತು ಅಂದರೆ ಜಿಂಕ್ 80 ಮಿಲಿಗ್ರಾಂ, ತಾಮ್ರ 2 ಮಿಲಿಗ್ರಾಂ. ಇಷ್ಟನ್ನು ಒಂದೇ ಸಣ್ಣ ಕ್ಯಾಪ್ಸೂಲಿಗೆ ತುಂಬುವುದು ಕಷ್ಟ. ‘ದಿನಕ್ಕೆ ಒಂದೇ ಸಾಕು’ ಅಂತ ಬರೆದ ಪುಟ್ಟ ಗುಳಿಗೆ ಕಂಡರೆ ಲೆಕ್ಕ ಹಾಕಿಯೇ ದುಡ್ಡು ಕೊಡಿ. ಲ್ಯೂಟಿನ್ 10, ಜಿಯಾಕ್ಸಾಂಥಿನ್ 2 ಸರಿಯಾಗೇ ಇಟ್ಟು, ವಿಟಮಿನ್ ಸಿ ಮತ್ತು ಸತುವನ್ನು ನೆಪಮಾತ್ರಕ್ಕೆ ಹಾಕಿದ ಸ್ಟ್ರಿಪ್‌ಗಳು ಎಷ್ಟೋ ಇವೆ. ಅಧ್ಯಯನದಲ್ಲಿ ಕೆಲಸ ಮಾಡಿದ್ದು ಇಡೀ ಮಿಶ್ರಣ. ಬರೀ ಲ್ಯೂಟಿನ್ ಕೊಟ್ಟರೆ ಅದೇ ಫಲ ಎಂದು ಅದರಲ್ಲಿ ಎಲ್ಲೂ ಸಾಬೀತಾಗಿಲ್ಲ.

ಅಕ್ಷರದಲ್ಲೂ ಮೋಸ ಹೋಗುವ ಜಾಗಗಳಿವೆ. ‘ಜಿಂಕ್ ಸಲ್ಫೇಟ್ ಮಾನೋಹೈಡ್ರೇಟ್ 61.8 ಮಿಲಿಗ್ರಾಂ’ ಎಂದಿದ್ದರೆ ಅದರಲ್ಲಿ ಅಸಲು ಸತು ಸುಮಾರು 22.5 ಮಿಲಿಗ್ರಾಂ ಮಾತ್ರ, ಉಳಿದದ್ದು ಲವಣದ ತೂಕ. ಜಿಂಕ್ ಆಕ್ಸೈಡ್ ಆದರೆ ತೂಕದ ಶೇಕಡಾ 80ರಷ್ಟು ಸತುವೇ. ಲ್ಯೂಟಿನ್ ವಿಷಯದಲ್ಲೂ ಹೀಗೇ: ‘ಲ್ಯೂಟಿನ್ (ಶೇ 10) 50 ಮಿಲಿಗ್ರಾಂ’ ಎಂದರೆ ಕೈಗೆ ಬರುವುದು 5 ಮಿಲಿಗ್ರಾಂ. ‘ಲ್ಯೂಟಿನ್ ಎಸ್ಟರ್’ ಎಂದಿದ್ದರೆ ಸರಿಸುಮಾರು ಅರ್ಧ ತೂಕವೇ ಲ್ಯೂಟಿನ್. ಇದು ಬರುವುದು ಚೆಂಡುಹೂವಿನ ಎಸಳಿನಿಂದ. ಚಾಮರಾಜನಗರದ ಕಡೆ ಒಪ್ಪಂದದ ಬೇಸಾಯದಲ್ಲಿ ಇದಕ್ಕೆಂದೇ ಹೂವು ಬೆಳೆಯುತ್ತಾರೆ. ಡಬ್ಬಿಯ ಮೇಲಿನ ಚಿತ್ರಕ್ಕೆ ಅಷ್ಟರ ಮಟ್ಟಿಗೆ ಅರ್ಥವಿದೆ.

80 ಮಿಲಿಗ್ರಾಂ ಸತು ಸಿಗದಿದ್ದರೆ ಗಾಬರಿ ಬೇಡ. ಏರೆಡ್ಸ್-2ರಲ್ಲಿ 25 ಮಿಲಿಗ್ರಾಂ ಕೊಟ್ಟೂ ನೋಡಿದ್ದಾರೆ. ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಹೊಟ್ಟೆ ತಡೆಯದವರಿಗೆ ವೈದ್ಯರು ಕಡಿಮೆ ಸತುವಿನದ್ದನ್ನು ಬರೆಯುವುದು ಇದೇ ಆಧಾರದ ಮೇಲೆ. ಆದರೆ ಸತು ಜಾಸ್ತಿ ಇದ್ದು ತಾಮ್ರ ಇಲ್ಲದ ಸ್ಟ್ರಿಪ್ ಬೇಡವೇ ಬೇಡ. ಸತು ಕರುಳಿನಲ್ಲಿ ತಾಮ್ರವನ್ನು ತಡೆಯುತ್ತದೆ. ವರ್ಷಗಟ್ಟಲೆ ಹಾಗೆ ನುಂಗಿದರೆ ರಕ್ತಹೀನತೆ ಬರಬಹುದು, ಕಾಲು ಜೋಮು ಹಿಡಿಯಬಹುದು. ಮಿಶ್ರಣದಲ್ಲಿ ಆ 2 ಮಿಲಿಗ್ರಾಂ ತಾಮ್ರ ಇರುವುದು ಇದಕ್ಕಾಗಿ, ಕಣ್ಣಿಗಾಗಿ ಅಲ್ಲ.

ಬೀಟಾ ಕ್ಯಾರೋಟಿನ್ ಎಂಬ ಹೆಸರು ಕಂಡರೆ, ಬೀಡಿ ಸಿಗರೇಟು ಸೇದುವವರು, ಹಿಂದೆ ಸೇದಿ ಬಿಟ್ಟವರು ಆ ಡಬ್ಬಿಯನ್ನು ಅಲ್ಲೇ ಇಟ್ಟು ಬನ್ನಿ. ಮೊದಲ ಏರೆಡ್ಸ್ ಮಿಶ್ರಣದಲ್ಲಿ ಅದಿತ್ತು. ಹತ್ತು ವರ್ಷ ಹಿಂಬಾಲಿಸಿ ನೋಡಿ 2022ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಬೀಟಾ ಕ್ಯಾರೋಟಿನ್ ಪಡೆದವರಲ್ಲಿ ಸುಮಾರು ದುಪ್ಪಟ್ಟು ಕಂಡಿತು. ಅದನ್ನು ತೆಗೆದು ಲ್ಯೂಟಿನ್ ಹಾಕಿದ್ದೇ ಏರೆಡ್ಸ್-2ರ ದೊಡ್ಡ ಸುಧಾರಣೆ. ಸೇದುವುದನ್ನು ಬಿಡದೆ ಕ್ಯಾಪ್ಸೂಲ್ ನುಂಗುವುದಂತೂ ದುಡ್ಡು ದಂಡ. ಎಎಂಡಿಯನ್ನು ಹೆಚ್ಚಿಸುವ ಕಾರಣಗಳಲ್ಲಿ ನಮ್ಮ ಕೈಯಲ್ಲಿರುವ ಅತಿ ದೊಡ್ಡದು ಹೊಗೆಯೇ. ಮೀನೆಣ್ಣೆಯ ಒಮೆಗಾ-3 ಸೇರಿಸಿ ಬೆಲೆ ಏರಿಸಿದ ಡಬ್ಬಿಗಳಿಗೆ ಹೆಚ್ಚು ಕೊಡಬೇಡಿ. ಅದರಿಂದ ಹೆಚ್ಚುವರಿ ಲಾಭ ಅಧ್ಯಯನದಲ್ಲಿ ಸಿಗಲಿಲ್ಲ.

ಮಲೆನಾಡಿನವರಿಗೆ ಇನ್ನೊಂದು ಮಾತು. ಏರೆಡ್ಸ್-2ರಲ್ಲಿ ಲ್ಯೂಟಿನ್ನಿನಿಂದ ಎದ್ದು ಕಾಣುವ ಲಾಭ ಆದದ್ದು ಊಟದಲ್ಲಿ ಅದು ತೀರಾ ಕಡಿಮೆ ಇದ್ದವರಿಗೆ. ಬಸಳೆ, ಹರಿವೆ, ನುಗ್ಗೆಸೊಪ್ಪು ಅಡುಗೆಮನೆಗೆ ವಾರವಿಡೀ ಬರುವ ಮನೆಯಲ್ಲಿ ಬರೀ ಲ್ಯೂಟಿನ್ನಿನ ಡಬ್ಬಿಗೆ ದುಡ್ಡು ಹಾಕುವ ಅಗತ್ಯ ಕಾಣುವುದಿಲ್ಲ. ಬೇಯಿಸಿದ ಪಾಲಕ್ ಒಂದು ದೊಡ್ಡ ಬಟ್ಟಲಿನಲ್ಲೇ ಲ್ಯೂಟಿನ್, ಜಿಯಾಕ್ಸಾಂಥಿನ್ ಸೇರಿ 20 ಮಿಲಿಗ್ರಾಂ ಆಸುಪಾಸು ಇರುತ್ತದೆ. ಒಗ್ಗರಣೆಗೆ ತುಪ್ಪವೋ ಕೊಬ್ಬರಿ ಎಣ್ಣೆಯೋ ಬಿದ್ದರೆ ಇನ್ನೂ ಒಳ್ಳೆಯದು, ಇದು ಕೊಬ್ಬಿನ ಜೊತೆಗೇ ಮೈಗೆ ಹತ್ತುವಂಥದ್ದು. ಆದರೆ 80 ಮಿಲಿಗ್ರಾಂ ಸತು ಯಾವ ತಂಬುಳಿಯಲ್ಲೂ ಸಿಗದು. ಮಧ್ಯಮ ಹಂತ ಎಂದು ವೈದ್ಯರು ಹೇಳಿದ ಮೇಲೆ ಸೊಪ್ಪು ತಿಂದರೆ ಸಾಕು ಎನ್ನುವ ವಾದ ನಿಲ್ಲುವುದಿಲ್ಲ.

ಆ ‘ಮಧ್ಯಮ ಹಂತ’ ಅಂಗಡಿಯಲ್ಲಿ ಗೊತ್ತಾಗುವ ವಿಷಯವಲ್ಲ. ಪಾಪೆ ಹಿಗ್ಗಿಸುವ ಹನಿ ಹಾಕಿ ರೆಟಿನಾ ನೋಡಬೇಕು. 125 ಮೈಕ್ರಾನಿಗಿಂತ ದೊಡ್ಡ ಡ್ರೂಸನ್ ಇದೆಯೇ ಎಂಬುದು ಮುಖ್ಯ ಪ್ರಶ್ನೆ. ಬರೀ ಸಣ್ಣ ಚುಕ್ಕೆಗಳಿರುವ ಆರಂಭದ ಹಂತಕ್ಕೆ ಈ ಕ್ಯಾಪ್ಸೂಲಿನಿಂದ ಲಾಭ ಕಂಡಿಲ್ಲ. ಎಎಂಡಿ ಇಲ್ಲದವರಿಗೆ ‘ಮುಂಜಾಗ್ರತೆಗೆ’ ಕೊಡುವುದಕ್ಕೂ ಆಧಾರವಿಲ್ಲ. ಹನಿ ಹಾಕಿದ ಮೇಲೆ ಕೆಲವು ಗಂಟೆ ಕಣ್ಣು ಮಂಜು, ಬೆಳಕು ಚುಚ್ಚುತ್ತದೆ. ಘಾಟಿ ದಾರಿಯಲ್ಲಿ ಬೈಕು ಓಡಿಸಿಕೊಂಡು ವಾಪಸು ಹೊರಡಬೇಡಿ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ. ಮ್ಯಾಕುಲಾದ ಒಣ ಸವೆತ, ಅಂದರೆ ಜಿಯೋಗ್ರಾಫಿಕ್ ಅಟ್ರೋಫಿ, ಶುರುವಾದವರಿಗೆ ಒಂದು ಸಮಾಧಾನದ ಸುದ್ದಿ: ಹಳೆಯ ದತ್ತಾಂಶವನ್ನು ಮತ್ತೆ ಅಳೆದು 2024ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಸವೆತ ಮ್ಯಾಕುಲಾದ ನಡುವಿನ ಕಡೆಗೆ ಸರಿಯುವ ವೇಗ ಸುಮಾರು ಮೂರು ವರ್ಷದಲ್ಲಿ ಶೇಕಡಾ 55ರಷ್ಟು ಕಡಿಮೆ ಇತ್ತು. ಅಧ್ಯಯನವನ್ನು ಇದಕ್ಕಾಗಿ ಕಟ್ಟಿರಲಿಲ್ಲ ಎಂಬುದು ನೆನಪಿರಲಿ. ಆದರೂ ಅಂಥವರು ಬಿಡದೆ ನುಂಗುವುದೇ ಮೇಲು.

ಸಕ್ಕರೆ ಕಾಯಿಲೆಯಿಂದ ರೆಟಿನಾದಲ್ಲಿ ರಕ್ತ ಸೋರುತ್ತಿದ್ದರೆ ಈ ಕ್ಯಾಪ್ಸೂಲ್ ಅದಕ್ಕೆ ಮದ್ದಲ್ಲ. ಅಲ್ಲಿ ಬೇಕಾದದ್ದು ಸಕ್ಕರೆ ಮತ್ತು ಬಿಪಿ ಹತೋಟಿ, ಲೇಸರ್, ಇಂಜೆಕ್ಷನ್. ಪೊರೆಗೂ, ಗ್ಲಾಕೋಮಾಕ್ಕೂ ಇದೇ ಮಾತು. ಇರುಳುಗಣ್ಣಿನಿಂದ ಶುರುವಾಗಿ ಸುತ್ತಲಿನ ನೋಟ ಕಿರಿದಾಗುವ ರೆಟಿನೈಟಿಸ್ ಪಿಗ್ಮೆಂಟೋಸಾ ಇದ್ದವರಂತೂ ತಾವಾಗಿ ಇದನ್ನು ಶುರುಮಾಡಲೇಬಾರದು. 1993ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ದಿನಕ್ಕೆ 400 ಐಯು ವಿಟಮಿನ್ ಇ ತೆಗೆದುಕೊಂಡ ಅಂಥ ರೋಗಿಗಳ ರೆಟಿನಾ ಇನ್ನೂ ಬೇಗ ಕುಂದಿತ್ತು. ಏರೆಡ್ಸ್-2ರಲ್ಲಿ ಇರುವುದೂ ಅದೇ 400 ಐಯು. ‘ಕಣ್ಣಿನ ನರಕ್ಕೆ’ ಎಂದು ಕೇಳಿದವರಿಗೆಲ್ಲ ಒಂದೇ ಡಬ್ಬಿ ಎತ್ತಿ ಕೊಡುವ ಅಭ್ಯಾಸ ಅಪಾಯಕಾರಿ ಎನ್ನುವುದು ಇದಕ್ಕೇ.

ನುಂಗುವ ಹೊತ್ತು: ಮಧ್ಯಾಹ್ನ ಅಥವಾ ರಾತ್ರಿಯ ಹೊಟ್ಟೆತುಂಬ ಊಟದ ಬೆನ್ನಿಗೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಕಾಫಿಯ ಜೊತೆ ಹಾಕಿಕೊಂಡರೆ ಸತು ಹೊಟ್ಟೆ ತೊಳಸುತ್ತದೆ. ಜನ ನಡುವೆ ಬಿಟ್ಟುಬಿಡಲು ಇದೊಂದು ದೊಡ್ಡ ಕಾರಣ. ಥೈರಾಯ್ಡ್ ಮಾತ್ರೆ ತಿನ್ನುವವರು ನಾಲ್ಕು ಗಂಟೆ ಅಂತರ ಇಡಿ. ಮಳೆಗಾಲದಲ್ಲಿ ಇಲಿಜ್ವರಕ್ಕೆ ಡಾಕ್ಸಿಸೈಕ್ಲಿನ್ ಬರೆದಿದ್ದರೆ ಸತುವಿನ ಜೊತೆ ಅದನ್ನು ನುಂಗಬಾರದು, ಔಷಧಿ ಕರುಳಿನಲ್ಲೇ ಕಟ್ಟಿಹೋಗುತ್ತದೆ. ಅಷ್ಟು ದಿನ ಕ್ಯಾಪ್ಸೂಲ್ ನಿಲ್ಲಿಸಿದರೂ ಕಣ್ಣಿಗೆ ನಷ್ಟವಿಲ್ಲ. ಹೃದಯದ ಕವಾಟ ಬದಲಿಸಿಕೊಂಡು ವಾರ್ಫರಿನ್ ತಿನ್ನುವವರು, ಮೂತ್ರಪಿಂಡದ ಕಲ್ಲಿನ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬೇಡಿ.

ಕೆಲವು ಡಬ್ಬಿಗಳ ಜೊತೆ ಆಮ್ಸ್ಲರ್ ಚೌಕಳಿ ಕಾರ್ಡ್ ಬರುತ್ತದೆ. ನಿಜ ಹೇಳಬೇಕೆಂದರೆ ಎಷ್ಟೋ ಸಲ ಡಬ್ಬಿಯಲ್ಲಿರುವ ಅತ್ಯುತ್ತಮ ವಸ್ತು ಅದೇ. ಹತ್ತು ಸೆಂಟಿಮೀಟರ್ ಚೌಕ, ಅದರಲ್ಲಿ ಐದು ಮಿಲಿಮೀಟರಿನ ಮನೆಗಳು, ನಡುವೆ ಚುಕ್ಕೆ ಇರಬೇಕು. ಡಬ್ಬಿಯ ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟಕ್ಕೆ ಕುಗ್ಗಿಸಿ ಅಚ್ಚು ಹಾಕಿದ್ದು ಪ್ರಯೋಜನವಿಲ್ಲ. ಓದುವ ಕನ್ನಡಕ ಹಾಕಿ, 30 ಸೆಂಟಿಮೀಟರ್ ದೂರ ಹಿಡಿದು, ಒಂದೊಂದೇ ಕಣ್ಣು ಮುಚ್ಚಿ ಚುಕ್ಕೆ ನೋಡಿ. ಗೆರೆ ಸೊಟ್ಟ ಕಂಡರೆ, ನಡುವೆ ಮಸುಕು ಕಲೆ ಹೊಸದಾಗಿ ಮೂಡಿದ್ದರೆ ಒದ್ದೆ ಎಎಂಡಿ (ರೆಟಿನಾದ ಅಡಿಯಲ್ಲಿ ಹೊಸ ರಕ್ತನಾಳ ಬೆಳೆದು ಸೋರುವ ಬಗೆ) ಶುರುವಾಗಿರಬಹುದು. ಆಗ ಕ್ಯಾಪ್ಸೂಲಿನ ಮೇಲೆ ಭಾರ ಹಾಕಿ ಕೂರಬೇಡಿ. ಒಂದೆರಡು ದಿನದೊಳಗೆ ರೆಟಿನಾ ತಜ್ಞರ ಹತ್ತಿರ ಹೋಗಿ, ರೆಟಿನಾದ ಪದರಗಳನ್ನು ತೋರಿಸುವ ಒಸಿಟಿ ಸ್ಕ್ಯಾನ್ ಆಗಬೇಕು, ಬೇಕಾದರೆ ಕಣ್ಣೊಳಗೆ ಇಂಜೆಕ್ಷನ್.

ಕೊಳ್ಳುವಾಗ ಎಂಆರ್‌ಪಿಯನ್ನು ಕ್ಯಾಪ್ಸೂಲಿನ ಲೆಕ್ಕದಲ್ಲಿ ಹೋಲಿಸಬೇಡಿ, ದಿನದ ಲೆಕ್ಕದಲ್ಲಿ ಹೋಲಿಸಿ; ಎರಡು ನುಂಗಬೇಕಾದದ್ದು ಅಗ್ಗ ಅನ್ನಿಸಿ ಕೊನೆಗೆ ತುಟ್ಟಿಯಾಗುತ್ತದೆ. ಔಷಧಿ ಲೈಸೆನ್ಸಿನ ಬದಲು 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇದ್ದರೆ ಅದು ಆಹಾರ ಪೂರಕ ಎಂದು ಅರ್ಥ. ಆಗುಂಬೆ, ಹೊಸನಗರದಂಥ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಟಲಿಯ ಜೆಲಾಟಿನ್ ಕ್ಯಾಪ್ಸೂಲುಗಳು ತೇವಕ್ಕೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಆ ತಿಂಗಳುಗಳಲ್ಲಿ ಫಾಯಿಲ್ ಸ್ಟ್ರಿಪ್ಪಿನದ್ದನ್ನೇ ಕೇಳಿ, ಅದೂ ಒಂದು ತಿಂಗಳಿಗಾಗುವಷ್ಟು ಮಾತ್ರ.