‘ಮೂರು ದಿನ ಉಚಿತ’ ಎಂದು ನಂಬಿ ಕೆಟ್ಟೆ: ಹಳೆಯ ಫೋಟೊ ಸರಿಮಾಡುವ ಆ್ಯಪ್‌ಗಳ ಬಗ್ಗೆ ಎಚ್ಚರ

ಹಳೆಯ ಫೋಟೊವನ್ನು ಹೊಸದು ಮಾಡಿಕೊಡುತ್ತೇವೆ ಎನ್ನುವ ಮೊಬೈಲ್ ಆ್ಯಪ್ ಒಂದನ್ನು ‘ಮೂರು ದಿನ ಉಚಿತ’ ಎಂದು ಹಾಕಿಕೊಂಡಿದ್ದೀರಾ? ಹಾಗಿದ್ದರೆ ಇದನ್ನು ಓದುವುದು ಬಿಟ್ಟು ಮೊದಲು ನಿಮ್ಮ ಯುಪಿಐ ತೆರೆದು ಆಟೋಪೇ (ಖಾತೆಯಿಂದ ದುಡ್ಡು ತಾನಾಗಿಯೇ ಕಡಿತವಾಗುವ ವ್ಯವಸ್ಥೆ) ಎಂಬಲ್ಲಿ ಏನಿದೆ ನೋಡಿ. ಆಮೇಲೆ ಬಂದು ಓದಿ.

ನನಗೆ ಹೋದದ್ದು 1,396 ರೂಪಾಯಿ. ಮನೆ ಮುಳುಗುವ ಮೊತ್ತವಲ್ಲ, ಗೊತ್ತು. ಆದರೆ ನಾನು ತುಮಕೂರಿನಲ್ಲಿ ಹೈಸ್ಕೂಲ್ ಮೇಷ್ಟ್ರು. ‘ಒಟಿಪಿ ಯಾರಿಗೂ ಹೇಳಬೇಡಿ’ ಎಂದು ಮಕ್ಕಳಿಗೆ ವರ್ಷಕ್ಕೆರಡು ಸಲ ಭಾಷಣ ಬಿಗಿಯುವವನು. ಅಂಥವನೇ ಕಣ್ಣು ಬಿಟ್ಟುಕೊಂಡು ಹೋಗಿ ಹಳ್ಳಕ್ಕೆ ಬಿದ್ದೆ.

ಅಪ್ಪ ತೀರಿಕೊಂಡು ವರ್ಷವಾಗುತ್ತಿತ್ತು. ಪುಣ್ಯಸ್ಮರಣೆಗೆ ದೊಡ್ಡದೊಂದು ಫೋಟೊ ಕಟ್ಟು ಹಾಕಿಸಬೇಕೆಂದು ಅಮ್ಮನ ಆಸೆ. ಅಪ್ಪನಿಗೆ ಕ್ಯಾಮೆರಾ ಕಂಡರೆ ಆಗುತ್ತಿರಲಿಲ್ಲ. ಮನೆಯಲ್ಲಿ ಇದ್ದದ್ದರಲ್ಲಿ ಚೆನ್ನಾಗಿರುವುದು ಒಂದೇ, 1994ರ ಶಿವರಾತ್ರಿಗೆ ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ತೆಗೆದದ್ದು. ಒಂದು ಜೊತೆ ಹಳ್ಳಿಕಾರ್ ಹೋರಿ, ನಡುವೆ ಹಗ್ಗ ಹಿಡಿದು ನಿಂತ ಅಪ್ಪ, ಹಣೆ ತುಂಬ ವಿಭೂತಿ. ಅಂಗೈಯಗಲದ ಆ ಫೋಟೊದ ಮೂಲೆಗೆ ಬೂಸ್ಟು ಹಿಡಿದು, ನಡುವೆ ಮಡಿಕೆಯ ಗೆರೆ ಬಿದ್ದಿತ್ತು.

ಅಶೋಕ ರಸ್ತೆಯ ಸ್ಟುಡಿಯೋದವರು ಸರಿಯಾಗಿಯೇ ಹೇಳಿದ್ದರು: ‘ಮೂಲ ಫೋಟೊ ತಂದುಬಿಡಿ ಸಾರ್, ಸ್ಕ್ಯಾನ್ ಮಾಡುತ್ತೇನೆ.’ ನಾನು ಬುದ್ಧಿವಂತ. ‘ಬೇಡ, ಮೊಬೈಲಿನಲ್ಲೇ ಆಗುತ್ತದೆ’ ಎಂದೆ.

ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ಆ ಫೋಟೊದ ಫೋಟೊ ತೆಗೆದು ಆ್ಯಪ್‌ಗೆ ಹಾಕಿದೆ. ತೆರೆಯ ಮುಕ್ಕಾಲು ಭಾಗ ಹಸಿರು ಗುಂಡಿ: ‘ಉಚಿತವಾಗಿ ಪ್ರಾರಂಭಿಸಿ’. ಅದರ ಕೆಳಗೆ, ಬಿಳಿಯ ಮೇಲೆ ಬೂದು ಬಣ್ಣದಲ್ಲಿ, ಇರುವೆ ಸಾಲಿನಂತೆ ಒಂದು ಸಾಲು: ನಂತರ ವಾರಕ್ಕೆ 349 ರೂಪಾಯಿ. ತಿಂಗಳಿಗಲ್ಲ, ವಾರಕ್ಕೆ! ಅದನ್ನು ನಾನು ಓದಿದ್ದು ಎಲ್ಲ ಮುಗಿದ ಮೇಲೆ, ಕನ್ನಡಕ ಹಾಕಿಕೊಂಡು. ಹಸಿರು ಗುಂಡಿ ಒತ್ತಿದ ಕೂಡಲೇ ಯುಪಿಐ ಪಿನ್ ಕೇಳಿತು. ಉಚಿತಕ್ಕೆ ಪಿನ್ ಯಾಕೆ ಎಂದು ಒಂದು ಕ್ಷಣ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಖಾತೆ ನನ್ನದೇ ಎಂದು ಪರಿಶೀಲಿಸಲು ಇರಬೇಕು ಎಂದುಕೊಂಡು ಒತ್ತಿದೆ. ಆ ಒಂದು ಪಿನ್ ಮುಂದಿನ ಎಲ್ಲ ವಾರಗಳಿಗೂ ನಾನು ಕೊಟ್ಟ ಒಪ್ಪಿಗೆ. ಆಟೋಪೇ ಒಮ್ಮೆ ಕೂತರೆ 15,000 ರೂಪಾಯಿವರೆಗಿನ ಕಂತಿಗೆ ಮತ್ತೆ ಪಿನ್ ಕೇಳುವುದಿಲ್ಲ.

ಫೋಟೊ ಬಂತು. ಮೊಬೈಲಿನಲ್ಲಿ ಎಷ್ಟು ಚೆನ್ನಾಗಿ ಕಂಡಿತೆಂದರೆ ಕಣ್ಣು ತುಂಬಿತು. ಉಳಿಸಿಕೊಂಡು, ಸ್ಟುಡಿಯೋಗೆ ಕಳುಹಿಸಿ, ಆ್ಯಪ್ ಅಳಿಸಿಬಿಟ್ಟೆ. ಕಥೆ ಮುಗಿಯಿತು ಎಂದುಕೊಂಡೆ.

ಪುಣ್ಯಸ್ಮರಣೆಯ ದಿನ ಕಟ್ಟು ಗೋಡೆಗೆ ಒರಗಿಸಿ ಹಾರ ಹಾಕಿದೆವು. ಅಮ್ಮ ಮುಂದೆ ಬಂದು ನಿಂತರು. ಬಹಳ ಹೊತ್ತು ನಿಂತರು. ‘ನಿಮ್ಮಪ್ಪನ ಹಣೆ ಯಾಕೋ ಬರಿದಾಗಿದೆ?’

ವಿಭೂತಿ ಇರಲಿಲ್ಲ. ಆ್ಯಪ್ ಅದನ್ನು ಕಲೆ ಎಂದುಕೊಂಡು ಒರೆಸಿ ಹಾಕಿತ್ತು! ಜೀವಮಾನದಲ್ಲಿ ಒಂದು ದಿನವೂ ವಿಭೂತಿ ಇಲ್ಲದೆ ಹೊಸಿಲು ದಾಟದ ಮನುಷ್ಯ. ಚಿಕ್ಕಪ್ಪ ಹತ್ತಿರ ಬಂದು ಬಗ್ಗಿ ನೋಡಿ, ‘ಹೋರಿಗಳೂ ನಮ್ಮವಲ್ಲ’ ಎಂದರು. ನಿಜ, ಬಲಗಡೆಯ ಹೋರಿಯ ಕೊಂಬು ಹಿಂದಿನ ಡೇರೆಯ ಹಗ್ಗದೊಳಗೆ ಹೋಗಿ ಸೇರಿಕೊಂಡಿತ್ತು. ಅಪ್ಪನ ಮುಖವೂ ಅಷ್ಟೇ. ನೋಡುತ್ತಾ ನೋಡುತ್ತಾ ಯಾರೋ ಟಿವಿ ಧಾರಾವಾಹಿಯ ಮಾವನಂತೆ ಕಾಣತೊಡಗಿತು. ಆ ಫೋಟೊದಲ್ಲಿ ಅಪ್ಪನ ಮುಖ ಇದ್ದದ್ದು ಅವರೆಕಾಳಿನಷ್ಟು. ಅದರಲ್ಲಿ ಇಲ್ಲದ ರೆಪ್ಪೆ, ಹಲ್ಲು, ಚರ್ಮ ಎಲ್ಲಿಂದ ಬರಬೇಕು? ಆ್ಯಪ್ ಬೇರೆ ಸಾವಿರಾರು ಮುಖಗಳನ್ನು ನೋಡಿ ಕಲಿತದ್ದರಿಂದ ಊಹೆ ಮಾಡಿ ಅಂಟಿಸುತ್ತದೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ.

ಅಂದು ರಾತ್ರಿ ಅಡುಗೆಯವರಿಗೆ ದುಡ್ಡು ಕಳುಹಿಸಲು ಖಾತೆ ತೆರೆದೆ. 349. ಬೆರಳು ಕೆಳಗೆ ಸರಿಸಿದೆ, ಮತ್ತೆ 349. ಮತ್ತೆ. ಮತ್ತೆ. ನಾಲ್ಕು ಸಲ. ಆ್ಯಪ್ ಮೊಬೈಲಿನಲ್ಲಿ ಇಲ್ಲವೇ ಇಲ್ಲ, ಆದರೂ ವಾರ ತಪ್ಪದೆ ಬಡ್ಡಿಯವನಂತೆ ಬಂದು ವಸೂಲಿ ಮಾಡಿಕೊಂಡು ಹೋಗಿದೆ. ಕಡಿತಕ್ಕೆ ಒಂದು ದಿನ ಮೊದಲು ಸಂದೇಶ ಬಂದೇ ಇತ್ತು. ಜಾಹೀರಾತು ಎಂದು ನಾನೇ ಓದಿರಲಿಲ್ಲ.

ಆ್ಯಪ್‌ನವರಿಗೆ ಇಂಗ್ಲಿಷಿನಲ್ಲಿ ಇಮೇಲ್ ಬರೆದೆ. ಎರಡು ನಿಮಿಷದಲ್ಲಿ ಉತ್ತರ: ‘ನಮ್ಮ ಕುಟುಂಬಕ್ಕೆ ಸೇರಿದ್ದಕ್ಕೆ ಧನ್ಯವಾದಗಳು.’ ಕುಟುಂಬವಂತೆ! ಮತ್ತೆ ಬರೆದೆ. ‘ಆ್ಯಪ್ ಅಳಿಸಿದರೆ ಚಂದಾ ರದ್ದಾಗುವುದಿಲ್ಲವೆಂದು ನಮ್ಮ ನಿಯಮಗಳಲ್ಲಿ ತಿಳಿಸಿದ್ದೇವೆ.’ ಮೂರನೆಯ ಸಲ ಹಣೆಯ ವಿಷಯವನ್ನೇ ಬರೆದೆ, ಅದು ಕಲೆಯಲ್ಲ, ವಿಭೂತಿ ಎಂದು ಬಿಡಿಸಿ ಹೇಳಿದೆ. ಉತ್ತರ ಕೇಳಿ: ‘ಕಲೆ ತೆಗೆಯುವ ಸೌಲಭ್ಯ ನಿರೀಕ್ಷೆಯಂತೆ ಕೆಲಸ ಮಾಡಿದೆ. ಇನ್ನೂ ಉತ್ತಮ ಫಲಿತಾಂಶಕ್ಕೆ ವಾರ್ಷಿಕ ಯೋಜನೆಯನ್ನು ಶೇ 40ರ ರಿಯಾಯಿತಿಯಲ್ಲಿ ಪಡೆಯಿರಿ.’ ಕೆಳಗೆ ಐದು ನಕ್ಷತ್ರ, ನಮ್ಮ ಸೇವೆ ಹೇಗಿತ್ತು ಎಂದು. ಮೈ ಉರಿದುಹೋಯಿತು.

ಆ್ಯಪ್ ಅಳಿಸಿದರೆ ಸಾಲದು. ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಚಿತ್ರ ಒತ್ತಿ, ಪಾವತಿ ಮತ್ತು ಚಂದಾದಾರಿಕೆಗಳಿಗೆ ಹೋಗಿ ಅಲ್ಲೇ ರದ್ದು ಮಾಡಿ. ಯುಪಿಐಯಲ್ಲಿ ಆಟೋಪೇಯನ್ನೂ ತೆಗೆದುಹಾಕಿ. ಮರುಪಾವತಿಯನ್ನು ದುಡ್ಡು ಹೋದ 48 ಗಂಟೆಯೊಳಗೆ ಪ್ಲೇ ಸ್ಟೋರ್‌ನಲ್ಲೇ ಕೇಳಬೇಕಿತ್ತು. ನನಗೆ ಗೊತ್ತಾಗುವ ಹೊತ್ತಿಗೆ ಕೊನೆಯ ಕಂತು ಹೋಗಿಯೂ ನಾಲ್ಕು ದಿನವಾಗಿತ್ತು. ಮತ್ತು ದಯವಿಟ್ಟು, ಸತ್ತವರ ಮುಖವನ್ನು ಇಂಥವರ ಕೈಗೆ ಕೊಡಬೇಡಿ.

ಕೊನೆಗೆ ಸ್ಟುಡಿಯೋದವರೇ ಮೂಲವನ್ನು ಸ್ಕ್ಯಾನ್ ಮಾಡಿ, ಮಡಿಕೆಯ ಗೆರೆಯನ್ನಷ್ಟೇ ತೆಗೆದು ಕೊಟ್ಟರು. ಮುಖ ಮಸುಕು, ವಿಭೂತಿ ಇದೆ. ಅದು ಈಗ ನಡುಮನೆಯಲ್ಲಿದೆ. ಮೊದಲಿನ ಕಟ್ಟು ಬೀರುವಿನ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿದೆ. ಅದು ಅಪ್ಪನಲ್ಲ, ಆದರೂ ಹೊರಗೆ ಎಸೆಯಲು ಅಮ್ಮ ಬಿಡುತ್ತಿಲ್ಲ.