ಫೋಟೋ ಎಕ್ಸ್‌ಪೋದ ‘ಶೋ ರೇಟ್’ ಕ್ಯಾಮೆರಾ: ದುಡ್ಡು ಕೊಡುವ ಮುಂಚೆ ಇಷ್ಟು ನೋಡಿ

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಸ್ಟುಡಿಯೋ ಇಟ್ಟವರು, ಮದುವೆ ಫೋಟೋ-ವಿಡಿಯೋ ಮಾಡುವವರು ದಯವಿಟ್ಟು ಪೂರ್ತಿ ಓದಿ. ಸಿರುಗುಪ್ಪ ಕಡೆ ಸ್ಟುಡಿಯೋ ನಡೆಸುವ ಗಂಡ-ಹೆಂಡತಿಗೆ ಎಕ್ಸ್‌ಪೋದಲ್ಲಿ ಆದ ನಷ್ಟ ಇದು. ನಮ್ಮ ಹೆಸರು ಬೇಡ, ಆದರೆ ನಾಲ್ಕು ಮಂದಿಗೆ ಗೊತ್ತಾಗಲಿ ಅಂತ ಅವರೇ ಹೇಳಿದ್ದಾರೆ. ದೂರು ಇನ್ನೂ ನಡೆಯುತ್ತಿರುವುದರಿಂದ ಮಾರಿದವರ ಹೆಸರನ್ನೂ ಬರೆಯುತ್ತಿಲ್ಲ.

ಆಷಾಢದಲ್ಲಿ ಮುಹೂರ್ತ ಇರುವುದಿಲ್ಲ. ರಾತ್ರಿ ಬಳ್ಳಾರಿಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಬೆಂಗಳೂರು. ಒಂದು ದಿನ ಎಕ್ಸ್‌ಪೋ ನೋಡಿ ಅದೇ ರೈಲಿಗೆ ವಾಪಸ್ ಬರೋಣ ಅಂತ ಇಬ್ಬರೂ ಹೋದರು. ದಿನ ಚೆನ್ನಾಗಿಯೇ ಕಳೆಯಿತು. ಮಾಡೆಲ್ ನಿಲ್ಲಿಸಿದ ಸೆಟ್‌ನಲ್ಲಿ 135 ಎಂಎಂ ಎಫ್1.8 ಲೆನ್ಸ್ (ಎಫ್ ಅಂಕಿ ಕಡಿಮೆಯಾದಷ್ಟು ಬೆಳಕಿನ ಕಿಂಡಿ ದೊಡ್ಡದು) ಹಾಕಿ ತೆಗೆದು ನೋಡಿದರು, ಗಿಂಬಲ್ (ಕ್ಯಾಮೆರಾ ಅಲುಗದಂತೆ ಹಿಡಿಯುವ ಕೋಲು) ಹಿಡಿದು ನಡೆದಾಡಿದರು, ತಮ್ಮ ಹಳೇ ಬಾಡಿಯ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಸೆನ್ಸರನ್ನು, ಅಂದರೆ ಚಿತ್ರ ಹಿಡಿಯುವ ಚಿಪ್ಪನ್ನು, ಕಂಪನಿ ಸ್ಟಾಲ್‌ನಲ್ಲಿ ಪುಕ್ಕಟೆ ಕ್ಲೀನ್ ಮಾಡಿಸಿಕೊಂಡರು. ಎಕ್ಸ್‌ಪೋಗೆ ಹೋಗಬೇಕಾದದ್ದೇ ಇದಕ್ಕೆ.

ಎಡವಟ್ಟಾದದ್ದು ಸಂಜೆ. ಮೂಲೆಯ ಒಂದು ಸ್ಟಾಲ್‌ನಲ್ಲಿ ‘ಓಪನ್ ಬಾಕ್ಸ್’ (ಡಬ್ಬಿ ಒಡೆದ, ಆದರೆ ಹೊಸದೇ ಅಂತ ಮಾರುವ) ಫುಲ್ ಫ್ರೇಮ್, ಅಂದರೆ ದೊಡ್ಡ ಸೆನ್ಸರಿನ, ಮಿರರ್‌ಲೆಸ್ ಬಾಡಿ, 24-70 ಎಂಎಂ ಎಫ್2.8 ಝೂಮ್ ಲೆನ್ಸ್, ಎರಡು ಹೆಚ್ಚುವರಿ ಬ್ಯಾಟರಿ, 256 ಜಿಬಿಯ ಎರಡು ಕಾರ್ಡ್, ಎಲ್ಲಾ ಸೇರಿ ‘ಶೋ ರೇಟ್’, ಅಂದರೆ ಎಕ್ಸ್‌ಪೋದಲ್ಲಷ್ಟೇ ಸಿಗುವ ಬೆಲೆ, 1,65,000. “ಅಣ್ಣಾ, ಏಳಕ್ಕೆ ಸ್ಟಾಲ್ ಕ್ಲೋಸ್. ನಾಳೆ ಇದೇ ಸೆಟ್ ಎರಡು ಲಕ್ಷ ದಾಟುತ್ತೆ. ಅಕ್ಕಾ, ನೀವಾದ್ರೂ ಹೇಳಿ ಅಣ್ಣಂಗೆ” ಅಂತ ಒತ್ತಾಯ. ರೈಲಿಗೂ ಹೊತ್ತಾಗುತ್ತಿತ್ತು. 95,000 ಯುಪಿಐನಲ್ಲಿ ಹೋಯಿತು, ಅದೂ ಅಂಗಡಿ ಹೆಸರಿಗಲ್ಲ, ಒಬ್ಬ ವ್ಯಕ್ತಿಯ ಹೆಸರಿಗೆ. ಉಳಿದ 70,000 ನಗದು. ಕೈಗೆ ಬಂದದ್ದು ‘ಎಸ್ಟಿಮೇಟ್’ ಅಂತ ತಲೆಬರಹ ಇದ್ದ ಒಂದು ಹಾಳೆ. “ಏನ್ರೀ, ಇದರಾಗ ಸೀರಿಯಲ್ ನಂಬರೇ ಇಲ್ಲಲ್ರೀ” ಅಂತ ಹೆಂಡತಿ ಆಗಲೇ ಕೇಳಿದ್ದಾರೆ. “ಸೋಮವಾರ ಟ್ಯಾಕ್ಸ್ ಬಿಲ್ ವಾಟ್ಸಾಪ್‌ಗೆ ಬರುತ್ತಕ್ಕಾ, ಅದರಲ್ಲಿ ಇರುತ್ತೆ” ಅಂದರಂತೆ. ಆ ಬಿಲ್ ಬರಲೇ ಇಲ್ಲ. ವಾರದೊಳಗೆ ಫೋನ್ ಸ್ವಿಚ್ ಆಫ್.

ಶ್ರಾವಣದ ಮೊದಲ ಮದುವೆಯಲ್ಲಿ ಒಂದೊಂದಾಗಿ ಹೊರಗೆ ಬಂತು. ಹೆಚ್ಚು ನೋವಾದದ್ದು ಕಾರ್ಡಿನಿಂದ, ಹಾಗಾಗಿ ಅದೇ ಮೊದಲು.

ಕಾರ್ಡ್ ಮೇಲೆ 256 ಅಂತಿತ್ತು, ಕ್ಯಾಮೆರಾ, ಕಂಪ್ಯೂಟರ್ ಎರಡೂ 256 ಅಂತಲೇ ತೋರಿಸುತ್ತಿದ್ದವು. ಒಳಗಿದ್ದ ಚಿಪ್ 32 ಜಿಬಿಯದು. ನಕಲಿ ಕಾರ್ಡಿನ ಕಂಟ್ರೋಲರ್‌ನಲ್ಲಿ ಸುಳ್ಳು ಸಾಮರ್ಥ್ಯ ಬರೆದಿರುತ್ತಾರೆ. ಜಾಗ ಮುಗಿದ ಮೇಲೂ ಕಾರ್ಡ್ ಎರರ್ ಕೊಡುವುದಿಲ್ಲ, ಬರೆದಂತೆ ನಟಿಸುತ್ತದೆ. ಫೈಲ್ ಹೆಸರು ಇರುತ್ತದೆ, ಗಾತ್ರ ಇರುತ್ತದೆ, ತೆರೆದರೆ ಏನೂ ಇಲ್ಲ. 100 ಎಂಬಿಪಿಎಸ್‌ನ (ಸೆಕೆಂಡಿಗೆ 100 ಮೆಗಾಬಿಟ್, 8 ಬಿಟ್‌ಗೆ ಒಂದು ಬೈಟ್) 4ಕೆ ವಿಡಿಯೋ ಅಂದರೆ ಸೆಕೆಂಡಿಗೆ 12.5 ಎಂಬಿ, ಗಂಟೆಗೆ 45 ಜಿಬಿ. ಆ ಲೆಕ್ಕದಲ್ಲಿ 32 ಜಿಬಿ ಮುಗಿಯುವುದು ಸುಮಾರು 43 ನಿಮಿಷಕ್ಕೆ. ವರಪೂಜೆಯಿಂದ ರೆಕಾರ್ಡ್ ಶುರು ಮಾಡಿದ್ದರು. ಅಕ್ಷತೆ ಬೀಳುವ ಹೊತ್ತಿನ ಫೈಲ್ ತೆರೆಯಲೇ ಇಲ್ಲ. ಬಾಡಿಯಲ್ಲಿ ಎರಡು ಸ್ಲಾಟ್ ಇದ್ದವು, ಆದರೆ ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ಹೋಗುವ ‘ರಿಲೇ’ ಸೆಟ್ಟಿಂಗ್ ಇತ್ತು. ಮದುವೆ ಕೆಲಸಕ್ಕೆ ಎರಡೂ ಕಾರ್ಡಿಗೆ ಒಟ್ಟಿಗೆ ಬರೆಯುವ ಸೆಟ್ಟಿಂಗ್ ಬಿಟ್ಟು ಬೇರೆ ಇಡಬೇಡಿ. ಎರಡು ಕಾರ್ಡನ್ನೂ ಒಂದೇ ಕಡೆ, ಒಂದೇ ದಿನ ಕೊಳ್ಳಲೂ ಬೇಡಿ.

ಕಾರ್ಡ್ ಪರೀಕ್ಷೆಗೆ ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಇದೆ. ಕಾರ್ಡಿನ ಪೂರ್ತಿ ಜಾಗಕ್ಕೆ ಡೇಟಾ ತುಂಬಿ, ಮತ್ತೆ ಓದಿ ತಾಳೆ ನೋಡುತ್ತದೆ. 256 ಜಿಬಿಗೆ ಗಂಟೆಗಟ್ಟಲೆ ಹಿಡಿಯುತ್ತದೆ, ಸ್ಟಾಲ್‌ನಲ್ಲಿ ಇದು ಆಗುವ ಮಾತಲ್ಲ. ಅದಕ್ಕೇ ಕಾರ್ಡ್ ಮತ್ತು ಬ್ಯಾಟರಿಯನ್ನು ಎಕ್ಸ್‌ಪೋದಲ್ಲಿ ಕೊಳ್ಳಲೇಬೇಡಿ, ನಿಮ್ಮೂರಲ್ಲಿ ಹೋಗಿ ಕೇಳಬಹುದಾದ ಅಂಗಡಿಯಲ್ಲಿ ಬಿಲ್ ಹಾಕಿಸಿ ತಗೊಳ್ಳಿ. ವೇಗಕ್ಕೆ ವಿ ಗುರುತು ನೋಡಿ: ವಿ30 ಅಂದರೆ ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುವ ಭರವಸೆ, ವಿ60 ಅಂದರೆ 60, ವಿ90 ಅಂದರೆ 90. ಯುಎಚ್‌ಎಸ್-2 (ಇನ್ನೂ ವೇಗದ ಬಗೆಯ ಕಾರ್ಡ್) ಅಂತ ಹೇಳಿ ಕೊಟ್ಟರೆ ಕಾರ್ಡನ್ನು ತಿರುಗಿಸಿ ನೋಡಿ, ಹಿಂದೆ ಪಿನ್‌ಗಳು ಎರಡು ಸಾಲಿನಲ್ಲಿರಬೇಕು. ಒಂದೇ ಸಾಲು ಇದ್ದರೆ ಅದು ಯುಎಚ್‌ಎಸ್-2 ಅಲ್ಲವೇ ಅಲ್ಲ.

ಬ್ಯಾಟರಿಯೂ ಇದೇ ಹಾಡು. ಪರ್ಸೆಂಟ್ 60 ತೋರಿಸುತ್ತಲೇ ಕ್ಯಾಮೆರಾ ಆಫ್ ಆಗುತ್ತಿತ್ತು. ಉದಾಹರಣೆಗೆ ಸೋನಿಯ ಅಸಲಿ ಎನ್‌ಪಿ-ಎಫ್‌ಜಡ್100 ಅಂದರೆ 7.2 ವೋಲ್ಟ್, 2280 ಎಂಎಎಚ್. ಅದೇ ಹೆಸರಿನ ಬ್ಯಾಟರಿ ಮೇಲೆ ಬೇರೆ ಅಂಕಿ ಅಚ್ಚಾಗಿದ್ದರೆ ಕೈಗೆ ತಗೊಳ್ಳಬೇಡಿ. ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲಿಗೆ ಕಾರಿನಲ್ಲಿಟ್ಟ ಕಳಪೆ ಬ್ಯಾಟರಿ ಉಬ್ಬಿ, ಸ್ಲಾಟ್‌ನಲ್ಲೇ ಸಿಕ್ಕಿಕೊಂಡರೆ ಬಾಡಿ ಬಿಚ್ಚಿಸಬೇಕಾಗುತ್ತದೆ.

ಇನ್ನು ಬಾಡಿ. ಮಬ್ಬು ಬೆಳಕಿನ ಫ್ರೇಮ್‌ಗಳಲ್ಲಿ ಬಲಗಡೆ ಮೇಲಿಂದ ಕೆಳಗೆ ಕೂದಲೆಳೆಯಷ್ಟು ಸಣ್ಣ ನೇರಳೆ ಗೆರೆ. ಸ್ಟಾಲ್‌ನ ಝಗಝಗ ಬೆಳಕಿನಲ್ಲಿ, ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) 100ರಲ್ಲಿ ಅದು ಕಂಡಿರಲಿಲ್ಲ. ಇಂಥ ಗೆರೆಗೆ ಸಾಮಾನ್ಯ ಕಾರಣ ಲೇಸರ್. ಡಿಜೆ, ಆರ್ಕೆಸ್ಟ್ರಾ ಸ್ಟೇಜಿನ ಲೇಸರ್ ಕಿರಣ ನೇರವಾಗಿ ಲೆನ್ಸಿಗೆ ಬಿದ್ದರೆ ಸೆನ್ಸರ್‌ನ ಪಿಕ್ಸೆಲ್ ಸುಡುತ್ತವೆ. ಕ್ಲೀನಿಂಗ್‌ಗೆ ಹೋಗುವುದಿಲ್ಲ, ಸೆನ್ಸರ್ ಬದಲಿಸುವುದೊಂದೇ ದಾರಿ, ಅದರ ಖರ್ಚು ಬಾಡಿಯ ಬೆಲೆಯ ದೊಡ್ಡ ಪಾಲು ತಿನ್ನುತ್ತದೆ. (ಮೆರವಣಿಗೆ ಶೂಟ್ ಮಾಡುವವರು ಇದನ್ನು ನೆನಪಿಡಿ. ಲೇಸರ್ ತಿರುಗಿದಾಗ ಕ್ಯಾಮೆರಾ ಪಕ್ಕಕ್ಕೆ ಹಿಡಿಯಿರಿ. ಮಿರರ್‌ಲೆಸ್‌ನಲ್ಲಿ ಆನ್ ಇದ್ದಷ್ಟು ಹೊತ್ತೂ ಸೆನ್ಸರ್ ಬೆಳಕಿಗೆ ತೆರೆದೇ ಇರುತ್ತದೆ.)

ಓಪನ್ ಬಾಕ್ಸ್ ಇರಲಿ, ಸೆಕೆಂಡ್ ಹ್ಯಾಂಡ್ ಇರಲಿ, ಇಷ್ಟು ಮಾಡದೆ ಬಾಡಿ ತಗೊಳ್ಳಬೇಡಿ. ನಿಮ್ಮದೇ ಕಾರ್ಡ್ ಹಾಕಿ. ಲೆನ್ಸ್ ಕ್ಯಾಪ್ ಮುಚ್ಚಿ, ಐಎಸ್‌ಒ 3200ರಲ್ಲಿ ಒಂದು ಸೆಕೆಂಡಿನ ಫ್ರೇಮ್ ತೆಗೆದು 100 ಪರ್ಸೆಂಟ್ ದೊಡ್ಡದು ಮಾಡಿ ಮೂಲೆ ಮೂಲೆ ನೋಡಿ. ಒಂದೆರಡು ಚುಕ್ಕೆ ಇದ್ದರೆ ಪರವಾಗಿಲ್ಲ, ಗೆರೆ ಇದ್ದರೆ ಬಿಟ್ಟುಬಿಡಿ. ಆಮೇಲೆ ಎಫ್16ಕ್ಕೆ ಇಳಿಸಿ, ಬಿಳಿ ಗೋಡೆಗೆ ಹಿಡಿದು ಫೋಕಸ್ ಕೆಡಿಸಿ ಒಂದು ತೆಗೆಯಿರಿ. ಧೂಳು ಬೂದು ಚುಕ್ಕೆಯಾಗಿ ಕಾಣುತ್ತದೆ, ಅದು ಕ್ಲೀನ್ ಆಗುತ್ತದೆ. ಗೀರು ಕಂಡರೆ ಬೇಡ. ಬಳಿಕ 4ಕೆ ವಿಡಿಯೋ ಕನಿಷ್ಠ 20 ನಿಮಿಷ ಬಿಡದೆ ಓಡಿಸಿ. ಬಿಸಿಯಾಗಿ ನಿಂತರೆ ಅಲ್ಲೇ ಗೊತ್ತಾಗುತ್ತದೆ. ಸೆನ್ಸರ್ ಸ್ಟೆಬಿಲೈಸೇಶನ್ (ಕೈ ಅಲುಗಿದರೂ ಚಿತ್ರ ಅಲುಗದಂತೆ ಸೆನ್ಸರ್ ಸರಿದಾಡುವ ವ್ಯವಸ್ಥೆ) ಇರುವ ಬಾಡಿ ಆಫ್ ಇದ್ದಾಗ ಅಲುಗಿಸಿದರೆ ಒಳಗೆ ಸಣ್ಣಗೆ ಕಟಕಟ ಅನ್ನುವುದುಂಟು, ಅದಕ್ಕೆ ಗಾಬರಿ ಬೇಡ.

ಶಟರ್ ಕೌಂಟ್ (ಎಷ್ಟು ಫೋಟೋ ಕ್ಲಿಕ್ ಆಗಿದೆ ಅನ್ನುವ ಲೆಕ್ಕ) ಒಂದನ್ನೇ ನಂಬಬೇಡಿ. ಕಂಪನಿ ಹೇಳುವ ಆಯಸ್ಸು ಕ್ಯಾನನ್ 5ಡಿ ಮಾರ್ಕ್ 4ಕ್ಕೆ 1.5 ಲಕ್ಷ, ಸೋನಿ ಎ7 ಮಾರ್ಕ್ 3ಕ್ಕೆ 2 ಲಕ್ಷ ಕ್ಲಿಕ್. “ಬರೀ 9 ಸಾವಿರ ಓಡಿದೆ” ಅಂತ ತೋರಿಸಿದ ಬಾಡಿ ಎರಡು ಸೀಸನ್ ಪೂರ್ತಿ ವಿಡಿಯೋಕ್ಕೇ ದುಡಿದಿರಬಹುದು. ಎಷ್ಟು ಗಂಟೆ ವಿಡಿಯೋ ಓಡಿತು ಅನ್ನುವುದು ಆ ಅಂಕಿಯಲ್ಲಿ ಬರುವುದಿಲ್ಲ. ಎಚ್‌ಡಿಎಂಐ ಪೋರ್ಟ್ ಸಡಿಲವಾಗಿದೆಯಾ, ಟ್ರೈಪಾಡ್ ಸ್ಕ್ರೂ ತೂತಿನ ಸುತ್ತ ಎಷ್ಟು ಸವೆದಿದೆ, ಹಾಟ್ ಶೂ (ಮೇಲೆ ಫ್ಲ್ಯಾಶ್ ಕೂರಿಸುವ ಜಾಗ) ಬಣ್ಣ ಹೋಗಿದೆಯಾ ನೋಡಿ. ಬಾಡಿಯ ನಿಜವಾದ ದುಡಿಮೆ ಅಲ್ಲಿ ಕಾಣುತ್ತದೆ.

ಲೆನ್ಸಿಗೆ ಮೊಬೈಲ್ ಟಾರ್ಚ್ ಸಾಕು. ಎರಡೂ ಕ್ಯಾಪ್ ತೆಗೆದು, ಹಿಂದಿನಿಂದ ಓರೆಯಾಗಿ ಬೆಳಕು ಬಿಟ್ಟು ಮುಂದಿನಿಂದ ನೋಡಿ. ಬಲೆಯಂಥ ಎಳೆ ಕಂಡರೆ ಫಂಗಸ್, ಮಂಜು ಮುಸುಕಿದಂತಿದ್ದರೆ ಹೇಜ್. ನಮ್ಮ ಒಣ ಹವೆಯಲ್ಲಿ ಫಂಗಸ್ ಕಡಿಮೆ ಅನ್ನುವುದು ನಿಜ, ಆದರೆ ಎಕ್ಸ್‌ಪೋಗೆ ಬರುವ ಸೆಕೆಂಡ್ ಹ್ಯಾಂಡ್ ಲೆನ್ಸ್ ಕರಾವಳಿಯಿಂದಲೂ ಬಂದಿರಬಹುದು. ಮೌಂಟ್‌ನ (ಲೆನ್ಸ್ ಬಾಡಿಗೆ ಕೂಡುವ ಬಳೆ) ಸ್ಕ್ರೂ ತಲೆಗಳನ್ನು ಹತ್ತಿರದಿಂದ ನೋಡಿ. ಈ ದಂಪತಿಯ 24-70ರಲ್ಲಿ ಒಂದು ಸ್ಕ್ರೂವಿನ ಕಪ್ಪು ಬಣ್ಣ ಕಿತ್ತು ಒಳಗಿನ ಲೋಹ ಹೊಳೆಯುತ್ತಿತ್ತು, ಅಂದರೆ ಯಾರೋ ಬಿಚ್ಚಿ ಕಟ್ಟಿದ್ದಾರೆ. ಅದರ ಫಲ: ಎಫ್2.8ರಲ್ಲಿ ಎಡಗಡೆ ನಿಂತವರು ಶಾರ್ಪ್, ಬಲಗಡೆಯವರು ಮೆತ್ತಗೆ. ಇದನ್ನು ಹಿಡಿಯಲು ಒಂದು ದಿನಪತ್ರಿಕೆ ಸಾಕು. ಗೋಡೆಗೆ ಚಪ್ಪಟೆ ಅಂಟಿಸಿ, ಕ್ಯಾಮೆರಾ ನೇರವಾಗಿ ನಿಲ್ಲಿಸಿ, 24ರಲ್ಲಿ ಒಂದು, 70ರಲ್ಲಿ ಒಂದು ಎಫ್2.8ಕ್ಕೆ ತೆಗೆದು ನಾಲ್ಕು ಮೂಲೆಯ ಅಕ್ಷರ ಹೋಲಿಸಿ.

ವಾರಂಟಿ ಕಥೆ ಬೇರೆ. ಸರ್ವಿಸ್ ಸೆಂಟರ್‌ನವರು ಸೀರಿಯಲ್ ನಂಬರ್ ಹಾಕಿ ನೋಡಿ, ಇದು ಭಾರತದಲ್ಲಿ ಮಾರಲು ಬಂದ ಪೀಸ್ ಅಲ್ಲ, ದುಡ್ಡು ಕೊಟ್ಟೇ ರಿಪೇರಿ ಅಂದರು. ಇದನ್ನೇ ಗ್ರೇ ಮಾರ್ಕೆಟ್ ಅನ್ನುವುದು. ಡಬ್ಬಿ ನೋಡಿದರೆ ಅಲ್ಲೇ ಗೊತ್ತಾಗುತ್ತಿತ್ತು. ಅಧಿಕೃತವಾಗಿ ಆಮದಾದ ಡಬ್ಬಿ ಮೇಲೆ ಆಮದುದಾರರ ಹೆಸರು-ವಿಳಾಸ, ಎಂಆರ್‌ಪಿ, ಗ್ರಾಹಕ ಸೇವೆಯ ಫೋನ್ ಇರುವ ಸ್ಟಿಕ್ಕರ್ ಇರಲೇಬೇಕು, 2011ರ ಪೊಟ್ಟಣ ಸಾಮಗ್ರಿಗಳ ಕಾನೂನು ಮಾಪನ ನಿಯಮ ಅದನ್ನೇ ಹೇಳುತ್ತದೆ. ಇವರ ಡಬ್ಬಿಯಲ್ಲಿ ಅದು ಇರಲಿಲ್ಲ. ‘ಇಂಟರ್‌ನ್ಯಾಷನಲ್ ವಾರಂಟಿ’ ಅಂದರೆ ನಂಬಿ ಕೂರಬೇಡಿ. ಡಬ್ಬಿ, ಬಾಡಿಯ ತಳ, ಬಿಲ್ ಮೂರರಲ್ಲೂ ಒಂದೇ ಸೀರಿಯಲ್ ನಂಬರ್ ಇರಬೇಕು. ಬಹಳಷ್ಟು ಮಾಡೆಲ್‌ಗಳಲ್ಲಿ ಫೋಟೋದ ಎಕ್ಸಿಫ್‌ನಲ್ಲೂ (ಫೈಲ್ ಒಳಗೇ ಇರುವ ಕ್ಯಾಮೆರಾ ಮಾಹಿತಿ) ಅದು ಸಿಗುತ್ತದೆ. ಸ್ಟಾಲ್‌ನಿಂದಲೇ ಕಂಪನಿಯ ಗ್ರಾಹಕ ಸೇವೆಗೆ ಫೋನ್ ಮಾಡಿ ನಂಬರ್ ಹೇಳಿ ಕೇಳಿ.

ಬಿಲ್ ವಿಷಯಕ್ಕೆ ಬರೋಣ, ಎಲ್ಲಕ್ಕಿಂತ ಮುಖ್ಯ ಇದೇ. ಜಿಎಸ್‌ಟಿ ನಂಬರ್ 15 ಅಕ್ಷರದ್ದು, ಮೊದಲ ಎರಡು ಅಂಕಿ ರಾಜ್ಯದ್ದು: ಕರ್ನಾಟಕ 29, ತೆಲಂಗಾಣ 36, ಆಂಧ್ರ 37, ದೆಹಲಿ 07. ಹೊರರಾಜ್ಯದವರು ಇಲ್ಲಿ ಸ್ಟಾಲ್ ಹಾಕಿ ಸ್ಥಳದಲ್ಲೇ ಮಾಲು ಮಾರಬೇಕಾದರೆ ‘ಕ್ಯಾಶುವಲ್ ಟ್ಯಾಕ್ಸಬಲ್ ಪರ್ಸನ್’ ಆಗಿ ಕರ್ನಾಟಕದಲ್ಲಿ ತಾತ್ಕಾಲಿಕ ನೋಂದಣಿ ಮಾಡಿಸಬೇಕು, ಅದು 90 ದಿನದವರೆಗೆ ನಡೆಯುತ್ತದೆ, ನಂಬರ್ 29ರಿಂದಲೇ ಶುರುವಾಗುತ್ತದೆ. ಆರ್ಡರ್ ಮಾತ್ರ ತಗೊಂಡು ದೆಹಲಿಯಿಂದ ಕಳಿಸುವವರು 07ರ ನಂಬರಿನಲ್ಲಿ ಐಜಿಎಸ್‌ಟಿ (ರಾಜ್ಯದಿಂದ ರಾಜ್ಯಕ್ಕೆ ಮಾರುವಾಗಿನ ತೆರಿಗೆ) ಬಿಲ್ ಹಾಕಿದರೆ ಅದು ಸರಿಯೇ. ಇವರ ಎಸ್ಟಿಮೇಟ್‌ನಲ್ಲಿ 07ರ ನಂಬರ್ ಇತ್ತು, ಮಾಲು ಕೊಟ್ಟದ್ದು ಕೈಗೇ. ನಂಬರನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ವ್ಯಾಪಾರದ ಹೆಸರು, ನೋಂದಣಿ ಚಾಲ್ತಿಯಲ್ಲಿದೆಯಾ, ಎಲ್ಲಾ ಅರ್ಧ ನಿಮಿಷದಲ್ಲಿ ಬರುತ್ತದೆ. ಕ್ಯಾಮೆರಾಗೆ ಜಿಎಸ್‌ಟಿ 18 ಪರ್ಸೆಂಟ್. ತೆರಿಗೆ ಸೇರಿ 1,65,000 ಅಂದರೆ ಅದರಲ್ಲಿ ಸುಮಾರು 25,000 ತೆರಿಗೆ. ಜಿಎಸ್‌ಟಿ ನೋಂದಣಿ ಇರುವ ಸ್ಟುಡಿಯೋಗೆ ಇದು ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಸಿಗುವ ದುಡ್ಡು. ಬಿಲ್ ಇಲ್ಲದ ‘ಅಗ್ಗ’ದ ಮಾಲಿನಲ್ಲಿ ಅದೂ ಹೋಯಿತು, ವಾರಂಟಿಯೂ ಹೋಯಿತು.

ಸ್ಟಾಲ್‌ನಲ್ಲೇ ಮಾಡಿಕೊಡುವ ‘ಝೀರೋ ಕಾಸ್ಟ್’ ಇಎಂಐಗೆ ಸಹಿ ಹಾಕುವ ಮುಂಚೆ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ (ಸಾಲದ ಮುಖ್ಯ ವಿವರದ ಹಾಳೆ) ಕೇಳಿ, 2024ರ ಅಕ್ಟೋಬರ್ 1ರಿಂದ ಇಂಥ ಸಾಲಗಳಿಗೆ ಅದು ಕಡ್ಡಾಯ. ಪ್ರೊಸೆಸಿಂಗ್ ಫೀ, ಇನ್ಶೂರೆನ್ಸ್ ಎಲ್ಲಾ ಅದರಲ್ಲಿ ಇರಬೇಕು. ಆಲ್ಬಮ್ ಲ್ಯಾಬ್‌ನವರ ‘ಹತ್ತು ಆಲ್ಬಮ್ ಅಡ್ವಾನ್ಸ್’ ಸ್ಕೀಮ್‌ಗೂ ಅಲ್ಲೇ ದುಡ್ಡು ಕಟ್ಟಬೇಡಿ. ನೀವೇ ತೆಗೆದ ಮದುವೆಯ ಒಂದು 12×36 ಇಂಚಿನ ಹಾಳೆಯನ್ನು 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕೆ), ಅಂದರೆ 10800×3600 ಪಿಕ್ಸೆಲ್‌ನಲ್ಲಿ ಕಳಿಸಿ ಪ್ರಿಂಟ್ ಹಾಕಿಸಿ, ಮೈಬಣ್ಣ, ಮಡಿಕೆ ನೋಡಿ ಆಮೇಲೆ ಮಾತಾಡಿ. ಪ್ಯಾಡ್, ಬಾಕ್ಸ್, ಕೊರಿಯರ್ ರೇಟಿನಲ್ಲಿ ಸೇರಿದೆಯಾ, ಅಡ್ವಾನ್ಸ್ ಎಷ್ಟು ತಿಂಗಳು ನಡೆಯುತ್ತದೆ ಅಂತ ಬರೆಸಿಕೊಳ್ಳಿ.

ಡ್ರೋನ್ ಬಗ್ಗೆ ಒಂದೇ ಮಾತು: ವಿದೇಶಿ ಡ್ರೋನ್ ಆಮದನ್ನು 2022ರ ಫೆಬ್ರವರಿ 9ರಂದೇ ನಿಷೇಧಿಸಲಾಗಿದೆ. ರಕ್ಷಣೆ, ಭದ್ರತೆ, ಸಂಶೋಧನೆಗಷ್ಟೇ ವಿನಾಯಿತಿ. ಹಾಗಿದ್ದ ಮೇಲೆ ಸ್ಟಾಲ್‌ನಲ್ಲಿ ಸೀಲ್ ಒಡೆಯದ ಹೊಸ ವಿದೇಶಿ ಡ್ರೋನ್ ಬಿಲ್ ಇಲ್ಲದೆ ಸಿಕ್ಕರೆ ಅದು ಯಾವ ದಾರಿಯಲ್ಲಿ ಬಂತು ಅಂತ ಯೋಚಿಸಿ. ತಗೊಂಡರೂ ಹಾರಿಸುವುದೆಲ್ಲಿ? ಹಂಪಿ ಸ್ಮಾರಕಗಳಲ್ಲಿ ಪುರಾತತ್ವ ಇಲಾಖೆಯ ಅನುಮತಿ ಬೇಕು. ತೋರಣಗಲ್ಲಿನ ವಿಮಾನ ನಿಲ್ದಾಣ, ಶಕ್ತಿನಗರದ ವಿದ್ಯುತ್ ಸ್ಥಾವರ, ತುಂಗಭದ್ರಾ ಡ್ಯಾಂ ಕಡೆ ಹೋಗುವ ಮುಂಚೆ ಡಿಜಿಟಲ್ ಸ್ಕೈ ನಕ್ಷೆ (ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರಿ ನಕ್ಷೆ) ನೋಡಲೇಬೇಕು.

ಈಗಾಗಲೇ ಸಿಕ್ಕಿಹಾಕಿಕೊಂಡವರು ಸುಮ್ಮನೆ ಕೂರಬೇಡಿ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ನಂಬರ್ ತಗೊಳ್ಳಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಬೆಂಗಳೂರಿಗೆ ಅಲೆಯಬೇಕಿಲ್ಲ. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು, ಇ-ಜಾಗೃತಿ ಪೋರ್ಟಲ್‌ನಲ್ಲಿ ಆನ್‌ಲೈನ್ ಆಗುತ್ತದೆ. ಎದುರಿನವರು “ವ್ಯಾಪಾರಕ್ಕೆ ಕೊಂಡ ವಸ್ತು, ಇವರು ಗ್ರಾಹಕರೇ ಅಲ್ಲ” ಅಂತ ವಾದಿಸಬಹುದು. ಸ್ವಂತ ದುಡಿಮೆಯಿಂದ ಜೀವನ ನಡೆಸಲು ಕೊಂಡದ್ದನ್ನು ಕಾಯ್ದೆ ವಾಣಿಜ್ಯ ಉದ್ದೇಶ ಅಂತ ಪರಿಗಣಿಸುವುದಿಲ್ಲ. ಗಂಡ-ಹೆಂಡತಿ ಇಬ್ಬರೇ ನಡೆಸುವ ಸ್ಟುಡಿಯೋ ಅಂತ ದೂರಿನ ಮೊದಲ ಪುಟದಲ್ಲೇ ಬರೆಯಿರಿ.

ಬಿಲ್ ಇಲ್ಲದಿದ್ದರೆ ಉಳಿದದ್ದೇ ಸಾಕ್ಷಿ. ಯುಪಿಐ ವ್ಯವಹಾರದ ನಂಬರ್, ವಾಟ್ಸಾಪ್ ಮಾತುಕತೆ, ಎಸ್ಟಿಮೇಟ್ ಹಾಳೆ, ಡಬ್ಬಿ, ನಕಲಿ ಕಾರ್ಡಿನ ಪರೀಕ್ಷೆಯ ಸ್ಕ್ರೀನ್‌ಶಾಟ್, ಸರ್ವಿಸ್ ಸೆಂಟರ್ ಬರೆದುಕೊಟ್ಟ ಜಾಬ್ ಶೀಟ್ ಎಲ್ಲಾ ಜೋಡಿಸಿ. ಸರ್ವಿಸ್ ಸೆಂಟರ್‌ನಲ್ಲಿ ಬಾಯಿಮಾತಿಗೆ ಬಿಡಬೇಡಿ, ‘ಭಾರತದ ವಾರಂಟಿ ಇಲ್ಲ’ ಅಂತ ಶೀಟ್‌ನಲ್ಲೇ ಬರೆಸಿ. ಈ ದಂಪತಿ ಸ್ಟಾಲ್ ಮುಂದೆ ಸೆಲ್ಫಿ ತೆಗೆದುಕೊಂಡಿದ್ದರು. ಹಿಂದೆ ಸ್ಟಾಲ್ ನಂಬರಿನ ಬೋರ್ಡ್ ಸ್ಪಷ್ಟವಾಗಿ ಓದಲು ಬರುತ್ತದೆ. ಆ ನಂಬರ್ ಹಿಡಿದೇ ಆಯೋಜಕರಿಂದ ಬಾಡಿಗೆದಾರರ ವಿವರ ಕೇಳಿ ನೋಟಿಸ್ ಕಳಿಸಲಾಗಿದೆ.